ಆರನೇ ಮಹಡಿಯ ಆನೆ

"ಅಂಕಲ್, ಇವತ್ತು ಆನೆಗೆ ಸ್ನಾನ ಆಯ್ತಾ?"

ಲಿಫ್ಟ್ ಮೆಕ್ಯಾನಿಕ್ ತಲೆಯೆತ್ತಿದ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿಟ್ಟುಕೊಂಡು, ಮೊಣಕಾಲೂರಿ, ಬಾಗಿಲು ಸರಿಯುವ ಸಂದಿಯ ಕಸವನ್ನು ಬ್ರಶ್ಶಿನಿಂದ ತೆಗೆಯುತ್ತಿದ್ದ. ಎದುರಿಗೆ ಸ್ಕೂಲ್ ಬ್ಯಾಗ್ ಹೊತ್ತ ಏಳು ವರ್ಷದ ಹುಡುಗಿ. ಅವಳ ಹಿಂದೆ ನೀರಿನ ಬಾಟಲಿ ಹಿಡಿದ ಅಜ್ಜಿ.

"ಯಾವ ಆನೆ?"

"ಮೇಲಿದೆಯಲ್ಲ, ಲಿಫ್ಟ್ ಎಳೆಯೋ ಆನೆ. ನೀವು ತಿಂಗಳಿಗೊಂದು ಸಲ ಬಂದು ಅದಕ್ಕೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ ಹೋಗ್ತೀರಂತೆ."

ಅವನು ಒಳ್ಳೆಯ ಮನುಷ್ಯ. ಆದರೆ ಮೂವತ್ತೆಂಟು ವರ್ಷದಲ್ಲಿ ಒಂದು ಸಣ್ಣ ಬುರುಡೆಯನ್ನೂ ಬಿಟ್ಟವನಲ್ಲ. "ಆನೆ ಗೀನೆ ಏನೂ ಇಲ್ಲಮ್ಮ," ಎಂದ. "ಮೇಲೆ ಮೋಟರ್ ಇದೆ, ಉಕ್ಕಿನ ಹಗ್ಗ ಇದೆ. ಕರೆಂಟ್ ಬಂದ್ರೆ ತಿರುಗುತ್ತೆ, ಹೋದ್ರೆ ನಿಲ್ಲುತ್ತೆ. ಅಷ್ಟೇ."

ಹುಡುಗಿಯ ಮುಖ ಸಪ್ಪಗಾಯಿತು. ತೆರೆದ ಲಿಫ್ಟಿನೊಳಗೆ ಒಮ್ಮೆ ಇಣುಕಿದಳು. ಆಮೇಲೆ ಮೆಟ್ಟಿಲಿನ ಕಡೆ ತಿರುಗಿದಳು.

"ಲೇ ಮೆಣಸು, ನಿಲ್ಲೇ," ಎಂದು ಅಜ್ಜಿ ಕೂಗಿದರು. "ಆರು ಮಹಡಿ ಕಣೇ. ನನ್ನ ಮಂಡಿ ನೆನೆಸಿಕೊಳ್ಳೇ."

ಮೆಣಸು ನಿಲ್ಲಲಿಲ್ಲ. ಅಜ್ಜಿ ಅವನತ್ತ ಒಂದು ನೋಟ ಬೀರಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದರು.

ಹತ್ತು ನಿಮಿಷಕ್ಕೆ ಮೇಲಿನಿಂದ ಚಪ್ಪಲಿ ಸದ್ದು ಇಳಿದು ಬಂತು. ಕೊರಳಲ್ಲಿ ಅಳತೆ ಟೇಪು, ತೋಳಿನ ಬಟ್ಟೆಗೆ ಚುಚ್ಚಿಕೊಂಡ ಗುಂಡುಸೂಜಿಗಳು, ಕೆನ್ನೆಯ ಮೇಲೆ ನೀಲಿ ಚಾಕಿನ ಗೆರೆ. ಆರನೇ ಮಹಡಿಯಲ್ಲಿ ಕರ್ಟನ್ ಹೊಲಿಯುವವಳು ಅವಳು. ತಿಂಗಳು ತಿಂಗಳೂ ಲಿಫ್ಟಿನಲ್ಲಿ ಬಟ್ಟೆಯ ಸುರುಳಿ ಹೊತ್ತು ಹೋಗುವಾಗ ಅವನು ನೋಡಿದ್ದ. ನೋಡದಂತೆ ನೋಡಿದ್ದ ಎನ್ನುವುದು ಹೆಚ್ಚು ಸರಿ.

"ನನ್ನ ಆನೆಯನ್ನ ಕೊಂದವರು ನೀವೇನಾ?"

ಅವನು ಎದ್ದು ನಿಂತ. "ಮೇಡಂ, ನಂಗೆ ಗೊತ್ತಿರಲಿಲ್ಲ."

"ಎರಡು ತಿಂಗಳು ಸಾಕಿದ್ದೆ. ಎರಡೇ ಮಾತಲ್ಲಿ ಮುಗಿಸಿಬಿಟ್ಟಿರಿ."

ಆಮೇಲೆ ಅವಳೇ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತು ಹೇಳಿದಳು. ಹೋದ ವರ್ಷ ಅವಳೂ ಮಗಳೂ ಮೇಲೆ ಹೋಗುತ್ತಿದ್ದಾಗ ಮೂರನೇ ಮಹಡಿ ದಾಟಿದ ಕೂಡಲೇ ಲಿಫ್ಟ್ ನಿಂತಿತ್ತು. ಕತ್ತಲೆಯಲ್ಲಿ ನಲವತ್ತು ನಿಮಿಷ. ಅವತ್ತಿನಿಂದ ಮೆಣಸು ಲಿಫ್ಟಿನೊಳಗೆ ಕಾಲಿಡುತ್ತಿರಲಿಲ್ಲ. ಶಾಲೆಗೆ ಬಿಟ್ಟು ಕರೆತರುವುದು ಅಜ್ಜಿ. ಮೊಮ್ಮಗಳನ್ನು ಒಬ್ಬಳನ್ನೇ ಮೆಟ್ಟಿಲು ಹತ್ತಿಸಲು ಅವರಿಗೆ ಮನಸ್ಸು ಬಾರದು. ಮಂಡಿ ಊದಿ ಸೋರೇಕಾಯಿಯಂತಾಗಿತ್ತು. ಕೊನೆಗೆ ಆನೆ ಹುಟ್ಟಿತು. ಲಿಫ್ಟ್ ಎಳೆಯುವ ಆನೆಗೆ ಜೋರು ನಿದ್ದೆ ಬಂದು ಅವತ್ತು ಎಳೆಯುವುದನ್ನೇ ಮರೆತಿತ್ತಂತೆ, ಈಗ ಬುದ್ಧಿ ಬಂದಿದೆಯಂತೆ. ಅದನ್ನು ಕೇಳಿಯೇ ಮಗು ಮತ್ತೆ ಲಿಫ್ಟ್ ಹತ್ತಿತ್ತು.

"ನಂಗೆ ಸುಳ್ಳು ಹೇಳೋಕೆ ಬರಲ್ಲ," ಎಂದ ಅವನು, ತಪ್ಪೊಪ್ಪಿಕೊಳ್ಳುವವನಂತೆ.

"ಅದು ಸುಳ್ಳಲ್ಲ ರೀ. ಕಥೆ."

"ಎರಡಕ್ಕೂ ಏನು ವ್ಯತ್ಯಾಸ?"

ಅವಳು ಉತ್ತರ ಹೇಳಲು ಬಾಯಿ ತೆರೆದಳು. ಅವನು ನಿಜಕ್ಕೂ ತಿಳಿಯಲೆಂದೇ ಕೇಳಿದ್ದಾನೆ ಎಂದು ಗೊತ್ತಾಗಿ ಅವಳ ಕೋಪ ಅರ್ಧಕ್ಕರ್ಧ ಇಳಿದುಹೋಯಿತು. "ಮೊದಲು ನನ್ನ ಮಗಳನ್ನ ಲಿಫ್ಟ್ ಹತ್ತಿಸಿ. ಆಮೇಲೆ ಹೇಳ್ತೀನಿ," ಎಂದು ಎದ್ದು ಹೋದಳು.

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಲಿಫ್ಟ್ ಒಂದ್ಸಲ ನೋಡಿ ಹೋಗೋಣ ಅಂತ ಬಂದೆ ಎಂದ. ಆರನೇ ಮಹಡಿಯ ಮೆಟ್ಟಿಲ ಮೇಲೆ ಮೆಣಸಿನ ಪಕ್ಕದಲ್ಲಿ ಕೂತು, ವಾರವಿಡೀ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. "ಮೊನ್ನೆ ನಾನು ಹೇಳಿದ್ದು ತಪ್ಪು. ಆನೆ ಇದೆ. ಅವತ್ತು ರಜ ಹಾಕಿತ್ತು."

ಮೆಣಸು ಅವನನ್ನೇ ದಿಟ್ಟಿಸಿದಳು. "ನೀವು ಸುಳ್ಳು ಹೇಳ್ತಿದ್ದೀರಿ. ಕಿವಿ ಕೆಂಪಾಗಿದೆ."

ಬಾಗಿಲ ಮರೆಯಿಂದ ಕಿಸಕ್ಕೆಂದು ನಗು ಕೇಳಿಸಿತು. ಅವನ ಕಿವಿ ಇನ್ನಷ್ಟು ಕೆಂಪಾಯಿತು.

ಅವನು ಹೊರಟಾಗ ಮೆಣಸಿನ ಅಮ್ಮ ಟೀ ಕೊಟ್ಟಳು, ಜೊತೆಗೆ ಪಾಠವನ್ನೂ. "ಒಂದು ಬುರುಡೆ ನಿಲ್ಲಬೇಕು ಅಂದ್ರೆ ಸುತ್ತ ಹತ್ತು ನಿಜ ಇರಬೇಕು. ನಂಗೆ ಲಿಫ್ಟ್ ಬಗ್ಗೆ ಏನೂ ಗೊತ್ತಿಲ್ಲ. ಅದಕ್ಕೇ ನನ್ನ ಆನೆ ಅಷ್ಟು ಬೇಗ ಸತ್ತಿದ್ದು. ನಿಮ್ಮ ಹತ್ತಿರ ನಿಜಗಳ ರಾಶಿ ಇದೆ."

"ರಾಶಿ ಇದೆ," ಎಂದು ಒಪ್ಪಿಕೊಂಡ ಅವನು. ಅವಳ ಕೆನ್ನೆಯ ಚಾಕಿನ ಗೆರೆ ಇವತ್ತು ಹಸಿರು. ಹೇಳಬೇಕೆಂದುಕೊಂಡ. ಹೇಳಿದರೆ ಒರೆಸಿಕೊಂಡುಬಿಡುತ್ತಾಳೆ ಎಂದು ಸುಮ್ಮನಾದ.

ಭಾನುವಾರಗಳು ಉರುಳಿದವು. ಅವನ ನಾಲಿಗೆ ಮೆಲ್ಲಮೆಲ್ಲನೆ ಸಡಿಲವಾಯಿತು. ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಸಣ್ಣಗೆ ಜರ್ಕ್ ಹೊಡೆಯುತ್ತದಲ್ಲ, ಅದು ಆನೆಯ ಬಿಕ್ಕಳಿಕೆ. ಎರಡನೇ ಮಹಡಿಯ ಹಲ್ಲಿನ ಡಾಕ್ಟರ್ ಹತ್ತಿದಾಗೆಲ್ಲ ಆನೆ ಸೊಂಡಿಲಿನಿಂದ ಬಾಯಿ ಮುಚ್ಚಿಕೊಳ್ಳುತ್ತದೆ, ಎಲ್ಲಿ ತನ್ನ ದಂತ ನೋಡಿಬಿಡುತ್ತಾರೋ ಎಂದು. ಮೆಣಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಜ್ಜಿ ಕುರ್ಚಿಯನ್ನೇ ಬಾಗಿಲಿಗೆ ಎಳೆದು ಹಾಕಿಸಿಕೊಂಡಿದ್ದರು. ಒಳಗೆ ಹೊಲಿಗೆ ಯಂತ್ರ ಕಥೆಯ ನಡುವೆ ತಟಕ್ಕನೆ ನಿಂತುಬಿಡುತ್ತಿತ್ತು. ಅವನು ಮಾತು ನಿಲ್ಲಿಸಿ ಅತ್ತ ನೋಡಿದರೆ ಮತ್ತೆ ಗರಗರ ಶುರು.

ಒಂದು ದಿನ ಅವಳು ಹೇಳಿದಳು, "ಮೆಣಸಿನ ಅಪ್ಪ ತೀರಿಹೋಗಿ ನಾಲ್ಕು ವರ್ಷ. ಆಗ ಇವಳು ಊಟಾನೇ ಬಿಟ್ಟಿದ್ದಳು. ಒಂದೊಂದು ತುತ್ತಿಗೆ ಒಂದೊಂದು ಕಥೆ ಕಟ್ಟಿದೆ. ಕಟ್ಟಿ ಕಟ್ಟಿ, ನಂಗೇ ಬದುಕೋಕೆ ಅಭ್ಯಾಸ ಆಯ್ತು." ಹೇಳುತ್ತಾ ಅವಳು ಬಟ್ಟೆಯ ಅಂಚನ್ನೇ ನೋಡುತ್ತಿದ್ದಳು. "ನಂಗೆ ಯಾರೂ ಕಥೆ ಹೇಳಿರಲಿಲ್ಲ. ಈಗ ಭಾನುವಾರ ಬಂದ್ರೆ ನಾನೂ ಕಿವಿಗೊಟ್ಟು ಕೂತಿರ್ತೀನಿ."

ಅವನಿಗೆ ಹೇಳಲು ನೂರು ಮಾತಿತ್ತು. "ಮೆಷಿನ್‌ಗೆ ಎಣ್ಣೆ ಬಿಡಬೇಕು, ಕಿರುಗುಟ್ತಿದೆ," ಎಂದ. ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಆದರೆ ಮೆಣಸು ಮಾತ್ರ ಲಿಫ್ಟ್ ಹತ್ತಲಿಲ್ಲ. "ಕಥೆ ಚೆನ್ನಾಗಿದೆ ಅಂಕಲ್. ಲಿಫ್ಟ್ ಬೇಡ," ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಿದ್ದಳು. ಅಜ್ಜಿ ಎರಡು ಸಲ ಮೆಟ್ಟಿಲ ನಡುವೆ ಕೂತುಬಿಟ್ಟಿದ್ದರು.

ಎಂಟನೇ ಭಾನುವಾರ ಅವನು ಬಂದಾಗ ಮನೆಯ ಹಾಲ್‌ನಲ್ಲಿ ರಟ್ಟಿನ ಪೆಟ್ಟಿಗೆಗಳಿದ್ದವು.

"ಊರಿನ ಆ ತುದಿಯಲ್ಲಿ ನೆಲಮಹಡಿ ಮನೆ ಸಿಕ್ಕಿದೆ," ಎಂದಳು ಅವಳು. "ಅತ್ತೆ ಮಂಡಿಗೆ ಇನ್ನು ಆಗಲ್ಲ. ಸಂಜೆ ಓನರ್‌ಗೆ ಹೂಂ ಅನ್ನಬೇಕು." ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. "ಅಲ್ಲಿ ಲಿಫ್ಟ್ ಇಲ್ಲ."

ಲಿಫ್ಟ್ ಇಲ್ಲದ ಕಟ್ಟಡಕ್ಕೆ ಲಿಫ್ಟ್ ಮೆಕ್ಯಾನಿಕ್ ಯಾವ ನೆಪ ಹೇಳಿ ಬರುವುದು? ಅವನು ಪೆಟ್ಟಿಗೆಗಳನ್ನು ಬದಿಗೆ ಸರಿಸಿದ. ಆಮೇಲೆ ಅಂಗಿಯ ತೋಳು ಮಡಿಸಿದ.

"ಒಂದು ಕರ್ಟನ್ ಕೋಲು ಕೊಡಿ. ಗಟ್ಟಿ ದಾರ. ಎರಡು ಚಿಕ್ಕ ಡಬ್ಬಿ."

ಎರಡು ಕುರ್ಚಿಗಳ ಮೇಲೆ ಕೋಲು ಅಡ್ಡ ಇಟ್ಟ. ದಾರವನ್ನು ಅದರ ಮೇಲಿಂದ ಇಳಿಬಿಟ್ಟು, ಎರಡು ತುದಿಗೂ ಒಂದೊಂದು ಗುಂಡಿಯ ಡಬ್ಬಿ ಕಟ್ಟಿದ. ಮೆಣಸನ್ನು ಕರೆದು ಒಂದರಲ್ಲಿ ಅವಳ ಬೊಂಬೆ ಕೂರಿಸಲು ಹೇಳಿದ. ಇನ್ನೊಂದಕ್ಕೆ ಕತ್ತರಿ ಹಾಕಿದ.

"ಇವತ್ತು ಕಥೆ ಇಲ್ಲ. ನಿಜ ಹೇಳ್ತೀನಿ, ಕೇಳ್ತೀಯಾ?"

ಮೆಣಸು ತಲೆಯಾಡಿಸಿದಳು.

"ಲಿಫ್ಟ್ ಒಂದೇ ನೇತಾಡಲ್ಲ. ಆ ಕಡೆ ಇನ್ನೊಂದು ತೂಕ ಇರುತ್ತೆ. ಇದು ಮೇಲೆ ಬಂದ್ರೆ ಅದು ಕೆಳಗೆ. ಹಗ್ಗ ಐದು. ಒಂದೇ ಸಾಕು ನಮ್ಮನ್ನೆಲ್ಲ ಹೊರೋಕೆ. ಐದೂ ಹೋಯ್ತು ಅಂದ್ಕೋ, ಬ್ರೇಕು ಲಿಫ್ಟಿನ ಅಕ್ಕಪಕ್ಕದ ಕಂಬಿಗೆ ಕಚ್ಚಿಕೊಂಡು ನಿಂತುಬಿಡುತ್ತೆ."

"ಅವತ್ತು ಯಾಕೆ ನಿಂತಿತು?"

"ಕರೆಂಟ್ ಹೋಯ್ತು. ಲಿಫ್ಟ್ ನಿಮ್ಮನ್ನ ಬೀಳಿಸಲಿಲ್ಲ ಮೆಣಸು. ಗಟ್ಟಿಯಾಗಿ ಹಿಡ್ಕೊಂಡು ನಿಂತಿತ್ತು, ನಲವತ್ತು ನಿಮಿಷ."

ಮೆಣಸು ದಾರ ಎಳೆದಳು. ಬೊಂಬೆ ಮೇಲೆ, ಕತ್ತರಿ ಕೆಳಗೆ. ಬೊಂಬೆ ಕೆಳಗೆ, ಕತ್ತರಿ ಮೇಲೆ. ಮತ್ತೆ ಮತ್ತೆ ಎಳೆದಳು.

"ಆ ಕಡೆ ಇರೋದು ಬರೀ ಕಬ್ಬಿಣದ..." ಎಂದು ಅವನು ಶುರು ಮಾಡಿದ.

"ಗೊತ್ತಾಯ್ತು," ಎಂದಳು ಮೆಣಸು. "ಆ ಕಡೆ ಇರೋದು ಆನೆ. ಅಮ್ಮ ತಪ್ಪು ತಿಳ್ಕೊಂಡಿದ್ದಳು. ಅದು ಮೇಲೆ ನಿಂತು ಎಳೆಯಲ್ಲ. ಇನ್ನೊಂದು ಪೆಟ್ಟಿಗೇಲಿ ಕೂತು ನಮ್ಮ ಜೊತೆ ಹತ್ತೋ ಇಳಿಯೋ ಆಟ ಆಡುತ್ತೆ. ನಾವು ಹತ್ತಿದ್ರೆ ಅದು ಇಳಿಯುತ್ತೆ. ಮೂರನೇ ಮಹಡೀಲಿ ಇಬ್ಬರೂ ಎದುರಾಗ್ತೀವಿ. ಅವತ್ತು ನಾವು ಹಾಯ್ ಅನ್ನದೇ ಹೋದ್ವಿ. ಅದಕ್ಕೆ ಬೇಜಾರಾಗಿ ಕರೆಂಟ್ ವೈರ್ ಮೇಲೆ ಕೂತುಬಿಡ್ತು."

ಅವನು ಮೆಣಸಿನ ಅಮ್ಮನತ್ತ ನೋಡಿದ. ಅವಳು ಅವನತ್ತ ನೋಡಿದಳು. ಇಬ್ಬರ ಕಥೆಗಳನ್ನೂ ಏಳು ವರ್ಷದ ಹುಡುಗಿ ಒಂದೇ ಏಟಿಗೆ ಮೀರಿಸಿದ್ದಳು. ಅವನ ನಿಜ ಒಂದೂ ಬಿಟ್ಟುಹೋಗಿರಲಿಲ್ಲ. ಅವಳ ಆನೆ ಎದ್ದು ಕೂತಿತ್ತು.

ಮೆಣಸು ಚಪ್ಪಲಿ ಮೆಟ್ಟಿಕೊಂಡಳು. "ಅಜ್ಜಿ, ಬಾ. ಕೆಳಗೆ ಹೋಗಿ ಬರೋಣ."

ಅಜ್ಜಿ ಎದ್ದರು. ಲಿಫ್ಟಿನ ಮುಂದೆ ಮೆಣಸು ಒಂದು ಗಳಿಗೆ ನಿಂತಳು. ಉಸಿರು ಎಳೆದುಕೊಂಡಳು. ಆಮೇಲೆ ಎರಡೂ ಕಾಲು ಒಟ್ಟಿಗೆ ಎತ್ತಿ ಒಳಗೆ ಜಿಗಿದಳು. ಅಮ್ಮ ಮುಂದೆ ಬಂದರೆ, "ನೀನು ಬೇಡ. ನಾನೇ ಅಜ್ಜೀನ ಕರ್ಕೊಂಡು ಹೋಗ್ತೀನಿ," ಎಂದಳು.

ಬಾಗಿಲು ಮುಚ್ಚಿತು. ಹೊರಗುಳಿದ ಇಬ್ಬರೂ ಬಾಗಿಲ ಮೇಲಿನ ಕೆಂಪು ಅಂಕಿಯನ್ನೇ ನೋಡುತ್ತಾ ನಿಂತರು. ಐದು. ನಾಲ್ಕು. ಅವಳ ಕೈ ಅವನ ತೋಳು ಹುಡುಕಿ ಹಿಡಿಯಿತು. ಮೂರು. ಕೆಳಗಿನಿಂದ, ಗೋಡೆಯೊಳಗಿನಿಂದ, ಸಣ್ಣ ದನಿಯೊಂದು ಪೂರಾ ಉಸಿರು ಹಾಕಿ ಕೂಗಿದ್ದು ಕೇಳಿಸಿತು. "ಹಾಯ್ ಆನೆ."

ಎರಡು. ಒಂದು. ಸೊನ್ನೆ.

ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಕೈ ಮಾತ್ರ ಅವನ ತೋಳಿನಲ್ಲೇ ಇತ್ತು.

"ನಾನು ಪ್ರತಿ ಭಾನುವಾರ ಬಂದಿದ್ದು ಲಿಫ್ಟ್ ನೋಡೋಕಲ್ಲ," ಎಂದ ಅವನು.

"ಗೊತ್ತು. ಭಾನುವಾರ ನಿಮ್ಮ ಕಂಪನಿಗೆ ರಜ ಅಂತ ಅತ್ತೆ ಮೊದಲನೇ ವಾರಾನೇ ಫೋನ್ ಮಾಡಿ ತಿಳ್ಕೊಂಡಿದ್ರು."

"ಏನಂದ್ರು ಅವರು?"

"ಬುರುಡೆ ಬಿಡೋಕೆ ಬರದ ಗಂಡಸು ಈ ಕಾಲಕ್ಕೆ ಸಿಗೋದು ಕಷ್ಟ, ಸ್ವಲ್ಪ ನೋಡ್ಕೋ ಅಂದ್ರು."

ಅವನು ಅವಳ ಕೈಯ ಮೇಲೆ ತನ್ನ ಕೈ ಇಟ್ಟ. "ನಂಗೆ ಸುತ್ತಿಬಳಸಿ ಹೇಳೋಕೆ ಬರಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ನಿಮ್ಮ ಮೆಷಿನ್ ನಿಂತಾಗೆಲ್ಲ ನನ್ನ ಉಸಿರು ನಿಲ್ತಿತ್ತು. ಮೆಣಸೂ ಅಜ್ಜೀನೂ ನನ್ನ ಮನೆಯವರು ಅಂತ ಯಾವಾಗಿನಿಂದಲೋ ಅಂದ್ಕೊಂಡುಬಿಟ್ಟಿದ್ದೀನಿ. ನಿಮ್ಮ ಹತ್ತಿರ ಒಂದು ಮಾತು ಕೇಳಿರಲಿಲ್ಲ, ಅಷ್ಟೇ."

ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ಹೊಲಿಯುವ ಮುನ್ನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಂತೆ, ನಿಧಾನವಾಗಿ, ಎಲ್ಲೂ ಬಿಡದೆ. ಆಮೇಲೆ ಅವನ ಕೈ ಬಿಡದೆಯೇ ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಒಂದು ನಂಬರ್ ಒತ್ತಿದಳು.

"ನಮಸ್ಕಾರ ಸಾರ್. ನೆಲಮಹಡಿ ಮನೆ ಕೇಳಿದ್ದೆನಲ್ಲ, ಅದು ಬೇಡ ಸಾರ್. ನಾವು ಇಲ್ಲೇ ಇರ್ತೀವಿ."

ಆ ಕಡೆಯವರು ಏನೋ ಕೇಳಿದರು. ಲಿಫ್ಟ್ ಮತ್ತೆ ಮೇಲೆ ಬರುವ ಸದ್ದು ಶುರುವಾಗಿತ್ತು.

"ಮನೆ ಚೆನ್ನಾಗೇ ಇತ್ತು ಸಾರ್," ಎಂದಳು ಅವಳು, ಅವನನ್ನೇ ನೋಡುತ್ತಾ. "ಮೂರು ಜನಕ್ಕೆ ಸರಿಹೋಗ್ತಿತ್ತು. ಈಗ ನಾವು ನಾಲ್ಕು ಜನ."