ಮುಂದಿನ ಗಾಲಿಗೆ ಹಿಂದಿನ ಟೈರು

"ಹಿಂದಿಂದು ಮುಂದೈತಿ! ಮುಂದಿಂದು ಹಿಂದೈತಿ!"

ಗುಡ್ಡದ ಸೈಕಲ್ ಸಂಘದ ಕಾರ್ಯದರ್ಶಿ ಸೋಮಪ್ಪ ಹೀಗೆ ಕೂಗಿಕೊಂಡದ್ದು ಗಾಯಗೊಂಡ ಹುಡುಗನನ್ನು ನೋಡಿ ಅಲ್ಲ. ಹುಡುಗನನ್ನು ಆಗಲೇ ಹುಬ್ಬಳ್ಳಿಯ ದವಾಖಾನೆಗೆ ಒಯ್ದಿದ್ದರು; ಜನವೆಲ್ಲ ಅತ್ತಲೇ ಹೋಗಿ ಅಲ್ಲಿ ಸೋಮಪ್ಪನೊಬ್ಬನೇ ಉಳಿದಿದ್ದ. ಅವನು ನೋಡುತ್ತಿದ್ದದ್ದು ಇಳಿಜಾರಿನ ಗರಸುಮಣ್ಣಿನಲ್ಲಿ ಅಂಗಾತ ಬಿದ್ದಿದ್ದ ಸೈಕಲ್ಲನ್ನು.

೨೦೦೬ರ ಶ್ರಾವಣದ ಒಂದು ರವಿವಾರ. ಧಾರವಾಡದ ಹೊರಗಿನ ಗುಡ್ಡದಲ್ಲಿ ಜಿಲ್ಲಾ ಸ್ಪರ್ಧೆ. ಗೆದ್ದ ಒಬ್ಬನಿಗೆ ಮಾತ್ರ ರಾಜ್ಯ ತಂಡದಲ್ಲಿ ಜಾಗ. ಆ ಜಾಗ ಅಮ್ಮಿನಬಾವಿಯ ಹನಮೇಶನಿಗೇ ಎಂದು ಎಲ್ಲರೂ ಬಾಯಲ್ಲೇ ಹಾರ ಹಾಕಿಬಿಟ್ಟಿದ್ದರು. ಆದರೆ ಮೊದಲ ಇಳಿವಿನ ತಿರುವಿನಲ್ಲೇ ಅವನ ಮುಂದಿನ ಗಾಲಿ ಜಾರಿತು. ಭುಜದ ಎಲುಬು ಮುರಿಯಿತು. ಹಿಂದೆ ಬರುತ್ತಿದ್ದ ಅವನ ಜೀವದ ಗೆಳೆಯ, ಉಪ್ಪಿನಬೆಟಗೇರಿಯ ಮುತ್ತು, ಗೆದ್ದುಬಿಟ್ಟ.

ಸೈಕಲ್ಲಿನ ಎರಡು ಟೈರುಗಳೂ ಹೊಸವು, ಎರಡೂ ದಪ್ಪ. ಒಂದಕ್ಕೆ ಎದ್ದು ನಿಂತ ದೊಡ್ಡ ರಬ್ಬರ್ ಬಟನ್ನುಗಳು. ಇನ್ನೊಂದಕ್ಕೆ ಒತ್ತೊತ್ತಾಗಿ ಕೂತ ಸಣ್ಣ ಬಟನ್ನುಗಳು. ದೊಡ್ಡ ಬಟನ್ನಿನದು ಮುಂದಿರಬೇಕಿತ್ತು. ಅದು ಹಿಂದಿತ್ತು.

ಗಾಲಿಯೇನೋ ಜಾರಿತು, ಇನ್ನು ವಾರಂಟು ಜಾರಿಯಾಗುವುದೊಂದೇ ಬಾಕಿ. ಆ ಕೆಲಸ ಉದಯಕುಮಾರನ ಹೆಗಲೇರಿತು.

ಉದಯಕುಮಾರ ಪೊಲೀಸನಲ್ಲ. ಅಪಘಾತವಾದ ಗಾಡಿಗಳನ್ನು ಪರಿಶೀಲಿಸಿ ವಿಮಾ ಕಂಪನಿಗಳಿಗೆ ವರದಿ ಕೊಡುವವ. ನುಜ್ಜುಗುಜ್ಜಾದ ಲಾರಿ ನೋಡಿ ಚಾಲಕ ನಿದ್ದೆ ಮಾಡಿದ್ದನೋ ನಿಶೆ ಮಾಡಿದ್ದನೋ ಹೇಳುತ್ತಿದ್ದ. ಇನ್ನೊಂದು ವಿದ್ಯೆಯೂ ಇತ್ತು: ಯಾರ ದನಿಯನ್ನಾದರೂ ಹಾಗೆಹಾಗೇ ತೆಗೆದುಬಿಡುತ್ತಿದ್ದ. ಫೋನಿನಲ್ಲಿ ಸೋಮಪ್ಪನ ದನಿ ತೆಗೆದು ಸೋಮಪ್ಪನ ಮನೆಯಿಂದಲೇ ಗಿರಮಿಟ್ಟು ತರಿಸಿಕೊಂಡು ತಿಂದಿದ್ದ ಕಿಲಾಡಿ.

"ಮಂಗಳವಾರ ಸಂಜೀಕ ಸಭಾ ಐತಿ, ಉದಯಾ," ಎಂದ ಸೋಮಪ್ಪ. "ಮುತ್ತು ಮಾಡ್ಯಾನ ಅಂತ ಗೊತ್ತಾದ್ರ ಅವನ ಹೆಸರು ಹೊಡದು ಹಾಕ್ತೀವಿ. ಮತ್ತ ಜನ್ಮದಾಗ ಯಾವ ಸ್ಪರ್ಧಾಕ್ಕೂ ನಿಂದ್ರಂಗಿಲ್ಲ."

"ಮಾಡಿಲ್ಲಂದ್ರ?"

"ಮತ್ಯಾರು ಮಾಡ್ತಾರ? ಶನಿವಾರ ರಾತ್ರಿ ಅವ ಹನಮೇಶನ ಮನ್ಯಾಗ ಉಳದಿದ್ದ. ಹಾಂ, ಒಂದು ಮಾತು. ಟೈರಿನ ಸುದ್ದಿ ಹೊರಗ ಬೀಳಬಾರದು. ನನಗ, ನಿನಗ, ಹನಮೇಶಗ ಅಷ್ಟೇ ಗೊತ್ತು. ಉಳದವ್ರಿಗೆ 'ಸೈಕಲ್ಲಿಗೆ ಯಾರೋ ಕೈ ಹಚ್ಚ್ಯಾರ' ಅಂತ ಹೇಳೇನಿ, ಸಾಕು. ಮಾಡಿದಾವ ತಾನಾಗೇ ಬಾಯಿ ಬಿಡ್ತಾನ."

ಜಾಣ ಉಪಾಯ ಎಂದುಕೊಂಡ ಉದಯಕುಮಾರ. ಆಮೇಲೆ ಅವನಿಗೆ ಅತ್ಯಂತ ಹಳಹಳಿಯಾದದ್ದು ಈ ಉಪಾಯಕ್ಕೆ ತಲೆಯಾಡಿಸಿದ್ದಕ್ಕೇ.

ಮರುದಿನ ದವಾಖಾನೆಗೆ ಹೋದ. ಹನಮೇಶನ ಎದೆಗೆ ಅಡ್ಡ ಪಟ್ಟಿ ಕಟ್ಟಿದ್ದರು. ತಾಯಿ ಸತ್ಯವ್ವ ನೀರು ತುಂಬಲು ಹೊರಗೆ ಹೋಗಿದ್ದಳು. ತಂದೆ ಗುರುಶಿದ್ದಪ್ಪ ಚಹಾ ತರಲು ಹೋಗಿದ್ದ.

"ಸೈಕಲ್ ಏರುವಾಗ ಗೊತ್ತಾಗಲಿಲ್ಲೇನೋ, ಟೈರು ಅದಲುಬದಲು ಆಗ್ಯಾವ ಅಂತ?"

"ಎಲ್ಲಿ ಗೊತ್ತಾಗ್ಬೇಕ್ರಿ ಸರ್? ಟೆಂಪೋ ತಡಾ ಆತು. ಗಾಲಿಗೆ ಗೋಣಿಚೀಲ ಸುತ್ತಿತ್ತು; ಕಿತ್ತು ಒಗದ್ನಿ, ನಂಬರ್ ಕಟ್ಟಿದ್ರು, ಸೀಟಿ ಊದೇಬಿಟ್ರು. ಏರಿನ್ಯಾಗ ಹಿಂದಿನಿಂದ ಯಾರೋ ಜಗ್ಗಿದಂಗ ಆಗ್ತಿತ್ತು. ಕಾಲು ಸೋತಾವು ಅಂದ್ಕೊಂಡೆ." ಅವನು ದನಿ ತಗ್ಗಿಸಿದ. "ಮುತ್ತೂನೇ ಸರ್. ಯಾವ ಟೈರು ಎಲ್ಲಿರಬೇಕು ಅನ್ನೂದು ಅವತ್ತು ಮನ್ಯಾಗಿದ್ದವ್ರಾಗ ನನ್ನ ಬಿಟ್ರ ಅವಂಗಷ್ಟೇ ಗೊತ್ತು."

"ರಾತ್ರಿ ಎಲ್ಲಿ ಮಲಗಿದ್ರಿ?"

"ಇಬ್ಬರೂ ಮಾಳಗಿ ಮ್ಯಾಲೆ. ಸೈಕಲ್ ಕೆಳಗ ಪಡಸಾಲ್ಯಾಗಿತ್ತು."

ನೀರು ತುಂಬಿಕೊಂಡು ಒಳಬಂದ ಸತ್ಯವ್ವ ನಡುವೆ ಬಾಯಿ ಹಾಕಿದಳು. "ಆ ಹುಡುಗ ಒಮ್ಮೆ ಇಳದು ಬಂದಿದ್ನ್ರಿ. ನೀರು ಕುಡೀತೇನಿ ಎವ್ವಾ ಅಂದ. ಸೈಕಲ್ ಮಗ್ಗಲ್ದಾಗೇ ಕೊಡ ಇತ್ತು." ಆಮೇಲೆ ತನ್ನ ಮಾತಿಗೆ ತಾನೇ ಅಳುಕಿ ಸೇರಿಸಿದಳು. "ನೀರು ಕುಡದಿದ್ದು ಖರೇ, ನಾ ನೋಡೇನಿ."

ಅಷ್ಟರಲ್ಲಿ ಗುರುಶಿದ್ದಪ್ಪ ಬಂದ. ಅಮ್ಮಿನಬಾವಿಯಿಂದ ಧಾರವಾಡಕ್ಕೆ ಸೈಕಲ್ಲಿನ ಮೇಲೆ ಹಾಲು ಒಯ್ದು ಒಯ್ದು ಕಣಕಾಲು ಕಬ್ಬಿಣವಾದ ಮನುಷ್ಯ. ನಿನ್ನೆ ಇದೇ ದವಾಖಾನೆಯ ಅಂಗಳದಲ್ಲಿ, ಹೂವಿನ ಹಾರ ಕೈಯಲ್ಲಿ ಹಿಡಿದು ಗೆಳೆಯನನ್ನು ನೋಡಲು ಬಂದ ಮುತ್ತುವಿನ ಕಪಾಳಕ್ಕೆ, 'ನನ್ನ ಮಗನೇ ನಿನ್ನ ಹೆಸರು ಹೇಳ್ಯಾನ' ಎಂದು ಊರೆಲ್ಲ ನೋಡುವಂತೆ ಬಾರಿಸಿದ್ದ.

"ಸಾಹೇಬ್ರ, ಪತ್ತೆ ಹಚ್ಚಿದ್ರೇನ್ರಿ?"

"ಹಚ್ಚಾಕತ್ತೇನಿ. ಮುಂಜಾನೆದ್ದು ಸೈಕಲ್ ಹತ್ರ ಯಾರನ್ನರ ನೋಡಿದ್ರೇನು?"

"ನೋಡೂದೇನ್ರಿ, ನಾನೇ ಅಲ್ಲಿದ್ನಿ. ನಸುಕಿನ್ಯಾಗ ಎಮ್ಮಿ ಹಿಂಡಿದ್ದು ಆದ ಮ್ಯಾಲೆ ಪಡಸಾಲಿ ಬಿಟ್ಟು ಅಲ್ಲಾಡಿಲ್ಲ. ನಾ ಇದ್ದಾಗ ನರಪಿಳ್ಳಿ ಹತ್ರ ಸುಳದಿಲ್ಲ. ಮಾಡಿದ್ರ ಅವ ರಾತ್ರೀನೇ ಮಾಡಿರಬೇಕು." ಅವನ ಕಣ್ಣು ಕೆಂಪಾದವು. "ಯಾರ ಇರಲಿ ಸಾಹೇಬ್ರ, ಎಲ್ಲಾರ ಎದುರಿಗೆ ಹೆಸರು ಹೇಳ್ಬೇಕು. ಮುಚ್ಚಿಟ್ರ ನನ್ನ ಮಗನ ಆಣಿ ಐತಿ ನಿಮಗ."

"ಹೇಳ್ತೇನಿ," ಎಂದು ಉದಯಕುಮಾರ ಮಾತು ಕೊಟ್ಟ. ಪತ್ತೇದಾರರಿಗೆ ಇಂಥ ಮಾತು ಕೊಡಲು ಭಾರಿ ಹುಮ್ಮಸ್ಸು.

ಮಂಗಳವಾರ ಮುಂಜಾನೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಕಮರುದ್ದೀನನ ಸೈಕಲ್ ಅಂಗಡಿ ಹೊಕ್ಕ. ಶನಿವಾರ ಟೈರು ಮಾರಿದ್ದೂ ಹಾಕಿಕೊಟ್ಟದ್ದೂ ಅವನೇ. ಬಿದ್ದ ಸೈಕಲ್ಲನ್ನು ಸೋಮಪ್ಪ ಗಾಲಿಗೆ ಗೋಣಿಚೀಲ ಸುತ್ತಿ ಅಲ್ಲೇ ಇರಿಸಿದ್ದ. ಮುತ್ತುವನ್ನೂ ಅಲ್ಲಿಗೇ ಕರೆಸಿದ್ದ. ಹುಡುಗನ ಎಡಗೆನ್ನೆ ಇನ್ನೂ ಬಾತಿತ್ತು.

ಅವನನ್ನು ನಗಿಸೋಣವೆಂದು ಉದಯಕುಮಾರ ಸೋಮಪ್ಪನ ದನಿ ತೆಗೆದ: "ಏನ್ಲೇ ಮುತ್ಯಾ, ಗೆದ್ದಾವ ನೀ, ಗದ್ದ ಯಾಕ ಕೆಳಗ?"

ಕಮರುದ್ದೀನ ನಕ್ಕ. ಮುತ್ತು ನಗಲಿಲ್ಲ.

"ಶನಿವಾರ ಯಾವ ಟೈರು ಎಲ್ಲಿ ಹಾಕ್ಸಿದ್ರಿ?"

"ಮುಂದ ದೊಡ್ಡ ಬಟನ್, ಹಿಂದ ಸಣ್ಣದು." ಮುತ್ತು ತಲೆ ಎತ್ತಿದ. "ಯಾಕ ಸರ್? ತಿರುಮುರುಗ ಆಗಿದ್ವೇನು?"

ಉದಯಕುಮಾರನ ಹುಬ್ಬು ಮೇಲೇರಿತು. ಇವನಿಗೆ ಹೇಗೆ ಗೊತ್ತಾಯಿತು?

"ನಿಂಗ್ಯಾರು ಹೇಳಿದ್ರು?"

"ಅವ ಬಿದ್ದದ್ದೇ ಹೇಳಿತ್ರಿ. ನಾ ಹಿಂದೇ ಇದ್ನೆಲ್ಲ. ಹಿಂದಿನ ಗಾಲಿ ಜಾರಿದ್ರ ಬಾಲ ಅಲ್ಲಾಡತೈತಿ ಅಷ್ಟ, ಸಾವರಿಸ್ಕೋಬಹುದು. ಮುಂದಿಂದು ಜಾರಿದ್ರ ಮೈ ನೇರ ನೆಲಕ್ಕ. ತಿರುವಿನ್ಯಾಗ ನೆಲಾ ಹಿಡಿಯೂದು ಮುಂದಿಂದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕ ಬೀಳತೈತಿ. ಅದಕ್ಕ ಅಲ್ಲಿ ದೊಡ್ಡ ಬಟನ್ ಬೇಕು. ಹಿಂದಿಂದು ಮೈ ಹೊತ್ತು ಉರುಳೂದು. ಅಲ್ಲಿ ದೊಡ್ಡವು ಹಾಕಿದ್ರ ನೆಲಾ ಕಚ್ಚಿ ಹಿಡದು ವೇಗ ತಿಂತಾವ. ಸಣ್ಣವು ಇದ್ರ ಹಗರ ಉರುಳತಾವ."

"ಎರಡೂ ದೊಡ್ಡವು ಹಾಕಿದ್ರ?"

"ಹುಣಸಿ ಮರಕ್ಕ ಪೆಡಲ್ ಹಚ್ಚಿ ತುಳದಂಗ."

"ಎರಡೂ ಸಣ್ಣವು?"

"ಬಯಲಾಗ ಭೇಷ್. ಇಳಿವಿನ್ಯಾಗ ದವಾಖಾನಿ." ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಸಣ್ಣದಾಯಿತು. "ಅವ ಎರಡೂ ಸಣ್ಣವೇ ಬೇಕಂತಿದ್ದ, ಸರ್. ಅವಂಗ ಬರೇ ವೇಗದ ಹುಚ್ಚು. ಇಳಿವು ಬಂದ್ರ ಒಳಗೊಳಗ ಅಂಜಿಕಿ. ನಾನೇ ಜಗಳಾಡಿ ಮುಂದ ದೊಡ್ಡದು ಹಾಕ್ಸಿದ್ನಿ. ಕೆಡವೂದಿದ್ರ ಜಗಳ ಯಾಕ ಮಾಡ್ತಿದ್ದೆ? ಸುಮ್ನ ಇರ್ತಿದ್ದೆ."

"ಹೌದ್ರಿ ಸಾಬ್," ಎಂದ ಕಮರುದ್ದೀನ. "ಅಂಗಡ್ಯಾಗ ಇಬ್ರದ್ದೂ ಗದ್ದಲ ಕೇಳಿ ಗಿರಾಕಿ ಓಡಿ ಹೋದ್ರು."

ವಾದ ಚೆನ್ನಾಗಿತ್ತು. ಆದರೆ ಜಾಣ ಅಪರಾಧಿಯ ವಾದವೂ ಚೆನ್ನಾಗಿಯೇ ಇರುತ್ತದೆ. ಟೈರಿನೊಳಗಿನ ಗಾಳಿಗಿಂತ ಊರೊಳಗಿನ ಗಾಳಿಮಾತಿಗೆ ಒತ್ತಡ ಹೆಚ್ಚು. ಅದನ್ನು ಇಳಿಸಲು ಸಾಕ್ಷಿ ಬೇಕು.

"ಚಾಚಾ, ಎರಡೂ ಟೈರು ಬಿಚ್ರಿ."

ಕಮರುದ್ದೀನ ಬಿಚ್ಚಿದ. ಬಿಚ್ಚಿದವನೇ ಮೂಗು ಅರಳಿಸಿದ. ಟ್ಯೂಬುಗಳಿಗೆ ತೆಳ್ಳಗೆ ಬಿಳಿಪುಡಿ ಸವರಿತ್ತು. ಮುಖಕ್ಕೆ ಹಚ್ಚುವ ಪೌಡರಿನ ಘಮ.

"ಇದು ನೀವು ಹಾಕಿದ್ದೇನು?"

"ಇಲ್ರಿ. ಇದನ್ನ ನೋಡ್ರಿ ಮತ್ತ." ಹಿಂದಿನ ಗಾಲಿಯ ರಿಮ್ಮಿನೊಳಗೆ ಹಳೇ ಟ್ಯೂಬಿನ ಉದ್ದನೆಯ ಪಟ್ಟಿಯೊಂದನ್ನು ಒಂದೂ ಸುಕ್ಕಿಲ್ಲದಂತೆ ಹಾಸಿತ್ತು. "ಸ್ಪೋಕ್ ಕಡ್ಡಿ ತುದಿ ಟ್ಯೂಬಿಗೆ ಚುಚ್ಚಬಾರದಂತ ಹಾಸ್ಯಾರ. ಇದೂ ನಂದಲ್ಲ."

"ಮುಂದಿನ ಗಾಲಿಗೆ?"

"ಇಲ್ಲ. ಹಿಂದ ಅಷ್ಟ."

ಉದಯಕುಮಾರ ಆ ಪಟ್ಟಿಯ ಮೇಲೆ ಬೆರಳಾಡಿಸಿದ. ರಾತ್ರಿ ಕದ್ದು ಬಂದವನು ಇಷ್ಟು ಸಾವಕಾಶ ಮಾಡುತ್ತಾನೆಯೇ? ಬ್ರೇಕಿನ ತಂತಿ ಸಡಿಲಿಸಿದ್ದರೆ ಚಿಟಿಕೆ ಹೊಡೆಯುವುದರೊಳಗೆ ಕೆಲಸ ಮುಗಿಯುತ್ತಿತ್ತು. ದ್ವೇಷಕ್ಕೆ ಪೌಡರು ಸವರುವ ವ್ಯವಧಾನ ಎಲ್ಲಿಯದು?

ಅಂಗಡಿಯ ಮುಂದೆ ಒಬ್ಬ ಗೌಳಿ ಸೈಕಲ್ ನಿಲ್ಲಿಸಿ ಗಾಳಿ ಹೊಡೆಯುತ್ತಿದ್ದ. ಕ್ಯಾರಿಯರಿನ ಎರಡೂ ಕಡೆ ಹಾಲಿನ ಕ್ಯಾನು. ಉದಯಕುಮಾರ ಅವನ ಹಿಂದಿನ ಹೊಸ ಟೈರು ನೋಡಿದ; ಮುಂದಿನ ಸವೆದ ಟೈರು ನೋಡಿದ. ಗೌಳಿಯ ದನಿ ತೆಗೆಯಲೆಂದು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಮುತ್ತು, ಸಂಜೀಕ ದವಾಖಾನಿಗೆ ಬಾ."

"ಮತ್ತೊಂದು ಗಲ್ಲ ಉಳದೈತಿ ಅಂತೇನ್ರಿ?"

ಸಂಜೆ ಸಂಘದ ಸಭೆ ಹನಮೇಶನ ಮಂಚದ ಸುತ್ತಲೇ ಸೇರಿತು. ಉದಯಕುಮಾರ ಸೋಮಪ್ಪನನ್ನು ಬದಿಗೆ ಕರೆದು ಪಿಸುಗುಟ್ಟಲು ನೋಡಿದ. ಗುರುಶಿದ್ದಪ್ಪ ಅಡ್ಡ ನಿಂತ.

"ಕಿವಿಮಾತು ಬ್ಯಾಡ್ರಿ ಸಾಹೇಬ್ರ. ಆಣಿ ಹಾಕೇನಿ ನಿಮಗ. ಎಲ್ಲಾರ ಎದುರಿಗೆ ಹೇಳ್ರಿ."

ಬೇರೆ ದಾರಿ ಉಳಿಯಲಿಲ್ಲ.

"ಗುರುಶಿದ್ದಪ್ಪನವರ, ಒಂದು ಕೇಳ್ತೇನಿ. ನಿಮ್ಮ ಹಾಲಿನ ಸೈಕಲ್ಲಿಗೆ ಹೊಸಾ ಟೈರು ತಂದ್ರ ಯಾವ ಗಾಲಿಗೆ ಹಾಕ್ತೀರಿ?"

"ಇದೇನು ಕೇಳೂ ಮಾತೇನ್ರಿ? ಹಿಂದ. ಕ್ಯಾನು ಹಿಂದ, ಹೊರಿ ಹಿಂದ, ಸವಿಯೂದು ಹಿಂದಿಂದು. ಸವದದ್ದನ್ನ ಮುಂದ ಹಾಕಿ ಗಟ್ಟೀದು ಹಿಂದ ಹಾಕೂದು. ನಮ್ಮಪ್ಪಾನೂ ಹಂಗೇ ಮಾಡ್ತಿದ್ದ, ಊರೆಲ್ಲಾ ಹಂಗೇ ಮಾಡತೈತಿ."

"ಟ್ಯೂಬಿಗೆ?"

"ಪೌಡರ್ ಸವರ್ಬೇಕು, ಒಳಗ ಅಂಟಂಗಿಲ್ಲ. ಹಿಂದ ಒಂದು ಹಳೇ ಪಟ್ಟಿ ಹಾಸಿದ್ರ ಪಂಕ್ಚರ್ ಹೆಸರಿಲ್ಲ."

"ಹನಮೇಶನ ಸೈಕಲ್ಲಿಗೆ?"

"ಅದಕ್ಕೂ ಹಂಗೇ ಮಾಡೇನಲ್ರಿ!" ಗುರುಶಿದ್ದಪ್ಪನ ಮುಖದಲ್ಲಿ ಮೂರು ದಿನಗಳಲ್ಲಿ ಮೊದಲ ಸಲ ಕಳೆ ಬಂತು. "ಹುಡುಗ್ರು, ತಿಳೀಲಿಲ್ಲ. ಗಟ್ಟಿ ಟೈರು ಮುಂದ ಹಾಕಿಬಿಟ್ಟಿದ್ರು. ನಸುಕಿನ್ಯಾಗ ಕೂತು ಎರಡೂ ಬಿಚ್ಚಿ ಬರೋಬ್ಬರಿ ಮಾಡಿದ್ನಿ. ಅದಿರ್ಲಿ ಸಾಹೇಬ್ರ, ಮಾಡಿದಾವ ಯಾರು ಹೇಳ್ರಿ!"

ಹನಮೇಶ ಕಣ್ಣು ಮುಚ್ಚಿಕೊಂಡ. ಸೋಮಪ್ಪ ಕನ್ನಡಕ ತೆಗೆದು ಒರೆಸತೊಡಗಿದ.

ಉದಯಕುಮಾರ ತನ್ನ ಸ್ವಂತ ದನಿಯಲ್ಲಿ ಹೇಳಿದ. "ಹಾಲಿನ ಸೈಕಲ್ಲಿಗೆ ನೀವು ಹೇಳಿದ್ದೇ ಖರೇ. ಗುಡ್ಡ ಇಳಿಯೂ ಸೈಕಲ್ಲಿಗೆ ಅದರ ಉಲ್ಟಾ ಇರಬೇಕ್ರಿ. ಅಲ್ಲಿ ಹುಡುಗನ್ನ ಹಿಡಿಯೂದು ಮುಂದಿನ ಟೈರು. ಅದು ಹಿಂದ ಹೋತು, ಮುಂದಿಂದು ಗರಸಿನ್ಯಾಗ ಜಾರಿತು. ಪೌಡರ್, ಪಟ್ಟಿ ಎರಡೂ ನಾ ನೋಡೇನಿ. ಕೆಡಿಸಾಕ ಬಂದಾವ ಅಷ್ಟು ಕಾಳಜಿ ಮಾಡಂಗಿಲ್ಲ. ಟೈರಿನ ಗುಟ್ಟು ಯಾರಿಗೆ ಗೊತ್ತೈತಿ ಅಂತ ಹುಡುಕಿದ್ವಿ; ಗೊತ್ತಿಲ್ಲದವರು ಯಾರು ಅಂತ ಕೇಳ್ಬೇಕಾಗಿತ್ತು. ಗುಟ್ಟು ಮಾಡದೇ ರವಿವಾರನೇ ನಿಮ್ಮನ್ನ ಕೇಳಿದ್ರ ಮುಗೀತಿತ್ತು. ಮಾಡಿದಾವ ಮುತ್ತು ಅಲ್ಲ. ನೀವ್ರಿ, ಗುರುಶಿದ್ದಪ್ಪನವರ."

ಗುರುಶಿದ್ದಪ್ಪ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಸತ್ಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಪ್ಪ ಶನಿವಾರ ಕೇಳಿದ್ದ," ಎಂದ ಹನಮೇಶ, ಕಣ್ಣು ತೆರೆಯದೆ. "ಎರಡೂ ಟೈರು ಬ್ಯಾರೆ ಬ್ಯಾರೆ ಯಾಕೋ ಅಂತ. ನಿನಗ ತಿಳಿಯೂದಿಲ್ಲ ಬಿಡು ಅಂದಿದ್ದೆ."

ಸೋಮಪ್ಪ ಕನ್ನಡಕ ಮತ್ತೆ ಏರಿಸಿಕೊಂಡ. "ಮುತ್ತು, ನಿನ್ನ ಜಾಗ ನಿಂದೇ. ಸಂಘದ ಪರವಾಗಿ..."

ಗುರುಶಿದ್ದಪ್ಪ ಅವನ ಮಾತು ಮುಗಿಯಗೊಡದೆ ಎದ್ದು ಮುತ್ತುವಿನ ಮುಂದೆ ಬಗ್ಗಹೊರಟ. ಮುತ್ತು ಗಾಬರಿಯಾಗಿ ಅವನ ತೋಳು ಹಿಡಿದೆತ್ತಿದ. "ಹಂಗ ಮಾಡಬ್ಯಾಡ್ರಿ ಕಾಕಾ. ನೀವು ಮಗನ ಸಲುವಾಗಿ ಹೊಡದ್ರಿ. ನನಗ ಸಿಟ್ಟಿಲ್ಲ." ಆಮೇಲೆ ಮಂಚದ ಕಡೆ ತಿರುಗಿದ. "ಕಾಕಾಗ ತಿಳೀದೇ ಆತು, ಹನಮ್ಯಾ. ನೀ ನನ್ನ ಸಣ್ಣಂದಿನಿಂದ ತಿಳದಾವ. ನನ್ನ ಹೆಸರು ಹೆಂಗ ಹೇಳಿದಿ?"

ಹನಮೇಶ ಏಳಲು ಹೋಗಿ ನೋವಿಗೆ ಹಿಂದಕ್ಕೊರಗಿದ. "ಮುತ್ತೂ..." ಎಂದ. ಮುತ್ತು ಆಗಲೇ ಬಾಗಿಲು ದಾಟಿದ್ದ. ಮೆಟ್ಟಿಲಿಳಿಯುವ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು, ನಿಂತಿತು.

ಗುರುಶಿದ್ದಪ್ಪ ಉದಯಕುಮಾರನ ಬಳಿ ಬಂದು ತೀರ ಮೆಲ್ಲಗೆ ಕೇಳಿದ:

"ಸಾಹೇಬ್ರ, ಸೈಕಲ್ ಎಲ್ಲಿಟ್ಟೀರಿ? ನಾ ಈಗ ಹೋಗಿ ತಿರುಗಿ ಸರಿ ಮಾಡಿ ಹಾಕಿ ಬರ್ಲೇನ್ರಿ?"

ಊರಿನ ಎಲ್ಲರ ದನಿಯಲ್ಲೂ ಉತ್ತರ ಕೊಡಬಲ್ಲ ಉದಯಕುಮಾರ ಅವನ ತೋಳು ಹಿಡಿದು ಮಗನ ಮಂಚದ ಬಳಿ ಕೂಡಿಸಿದ.