ಯಾವ ನಂಬರ್ ಕೇಳಿದರೂ ಒಂದೇ ಅಡ್ರೆಸ್

"ಕ್ಷಮಿಸಿ. ಅದು ಅಭ್ಯಾಸಕ್ಕೆಂದು ಇಟ್ಟ ಅಡ್ರೆಸ್. ಆ ಕಟ್ಟಡವನ್ನು ಈಗ ಕೆಡವುತ್ತಿದ್ದಾರೆ. ಇವತ್ತೇ ಅದನ್ನು ತೆಗೆ..."

ಅಷ್ಟು ಟೈಪ್ ಮಾಡಿದ್ದೆ. ಯಾರೋ ಲ್ಯಾಪ್‌ಟಾಪ್ ಮುಚ್ಚಿದರು.

ನನ್ನ ಬೆರಳುಗಳು ಒಳಗೇ ಇದ್ದವು!

"ಕೂಗಬೇಡ ಆಂಟಿ," ಅಂತು ಕಿವಿಯ ಹಿಂದೆ ಒಂದು ದನಿ. "ನಿನ್ನ ಸೂಪು ಆರಿಹೋಗುತ್ತೆ."

ಕೂಗಲಿಲ್ಲ. ಕೂಗಿದರೆ ಇಂಥವರಿಗೆ ಖುಷಿ. ಠಾಣೆಯಲ್ಲಿ ಡಿಟೆಕ್ಟಿವ್ ಆಗಿದ್ದಾಗ ಕಲಿತದ್ದು ಅದೊಂದೇ. ಉಳಿದದ್ದೆಲ್ಲ ಮರೆತಿದ್ದೇನೆ.

ಅವನು ಎದುರಿಗೆ ಬಂದು ಕೂತ. ಒಂದು ಕೈ ಲ್ಯಾಪ್‌ಟಾಪಿನ ಮೇಲೇ ಇತ್ತು. ಇನ್ನೊಂದು ಕೈಯಲ್ಲಿ ನನ್ನ ಚಾಪ್‌ಸ್ಟಿಕ್ ಎತ್ತಿಕೊಂಡು ನನ್ನ ತಟ್ಟೆಯ ಮೂಲಂಗಿ ಕಿಮ್ಚಿ ತಿಂದ.

"ಮಾ ದೋಶಿಕ್," ಅಂತ ತಾನೇ ಹೆಸರು ಹೇಳಿಕೊಂಡ. ಮುಖ ನೋಡಿದ್ದು ಮೊದಲ ಸಲ. ಹೆಸರು ಚೆನ್ನಾಗಿ ಗೊತ್ತು. ಸಿಯೋಲ್ ನಗರದಲ್ಲಿ ಓಡಿಹೋದ ಹೆಂಡತಿ ಬೇಕಾದರೆ ಗಂಡಂದಿರು ಇವನ ಆಫೀಸಿಗೆ ಹೋಗುತ್ತಾರೆ.

"ಪ್ಯೋ ಇನ್‌ಸುಕ್ ಅವರು ತಾನೆ? ನಮ್ಮ ಕೀ ಕತ್ತರಿಸಿದವರು?"

"ಹೂವಿನಂಗಡಿಯ ಕೀ. ನಿಮ್ಮದಲ್ಲ."

ಅವನು ಒತ್ತಿದ.

ಬಲಗೈ ನಡುಬೆರಳಿನಲ್ಲಿ ಏನೋ ಲಟಕ್ ಅಂತು...

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅಂಗಡಿಯವರು ಪಾರ್ಸೆಲ್ ಕಳಿಸಬೇಕು. ಅವರ ಪ್ರೋಗ್ರಾಂ ನಮ್ಮ ಕಂಪನಿಗೆ ಒಂದು ಫೋನ್ ನಂಬರ್ ಕೊಡುತ್ತದೆ. ಆ ನಂಬರಿನವರು ಕೊನೆಯ ಪಾರ್ಸೆಲ್ ಎಲ್ಲಿ ತಗೊಂಡರು ಅಂತ ನಾವು ಹೇಳುತ್ತೇವೆ. ಯಾವ ಬೀದಿ, ಯಾವ ಮಹಡಿ, ಎಷ್ಟನೇ ಬಾಗಿಲು. ಹಾಗೆ ಕೇಳಲು ಒಂದು ಕೀ ಬೇಕು. ಉದ್ದನೆಯ ಅಕ್ಷರಗಳ ಸಾಲು, ಅಷ್ಟೇ. ಪ್ರೋಗ್ರಾಂ ಬರೆಯುವವರು ದಿನವೆಲ್ಲ ನಮ್ಮ ಪ್ರಶ್ನೆಗಳ ಪುಟಕ್ಕೆ ಬಂದು ಅಳುತ್ತಾರೆ. ಕೀ ಯಾಕೆ ಕೆಲಸ ಮಾಡ್ತಿಲ್ಲ? ದಿನಕ್ಕೆ ಎಷ್ಟು ಸಲ ಕೇಳಬಹುದು? ಕೀ ಕಳುವಾದರೆ ಏನು ಮಾಡಬೇಕು? ಉತ್ತರ ಬರೆಯುವವಳು ನಾನು. ಕಳ್ಳ ಕೀಗಳ ಕತ್ತು ಕೊಯ್ಯುವವಳೂ ನಾನೇ.

ಹೋದ ವಾರ ಒಬ್ಬ ಕೇಳಿದ್ದ: "ಒಂದೇ ನಂಬರನ್ನು ಪದೇ ಪದೇ ಕೇಳಿದರೆ ನಿಮ್ಮ ಸರ್ವರ್ ತಡೀತಿದೆ. ಮಿತಿ ಹೆಚ್ಚಿಸೋದು ಹೇಗೆ?" ಜೊತೆಗೆ ತನ್ನ ಪ್ರೋಗ್ರಾಂ ಪೂರ್ತಿ ಅಂಟಿಸಿದ್ದ. ಕೀ ಸಮೇತ! ಈ ಜನ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಬೀದಿಯಲ್ಲಿ ತೋರಿಸಿ, ಇದು ಯಾಕೆ ತಿರುಗ್ತಿಲ್ಲ ಅಂತ ಕೇಳುತ್ತಾರೆ.

ನೋಡಿದೆ. ಬಾಗಿಲು ಮುಚ್ಚಿದ ಒಂದು ಹೂವಿನಂಗಡಿಯ ಕೀ. ಹೂವಿನಂಗಡಿಯವರು ನೂರು ನಂಬರ್ ಕೇಳುತ್ತಾರೆ. ಇವರು ಬೆಳಗಿನಿಂದ ಸಂಜೆವರೆಗೆ ಒಂದೇ ನಂಬರ್ ಕೇಳುತ್ತಿದ್ದರು.

ಅಷ್ಟೊಂದು ಹೂವು ಯಾವ ಹೆಂಗಸಿಗೂ ಯಾರೂ ಕಳಿಸುವುದಿಲ್ಲ.

ಆ ನಂಬರ್ ಚೇ ಗ್ಯೋಂಗೊಕ್ ಅನ್ನುವವಳದು. ನಾನೇ ಹುಡುಕಿದೆ. ನನ್ನ ಕೀಗೆ ಯಾವ ಮಿತಿಯೂ ಇಲ್ಲ. ಮೂರು ಸಲ ಮನೆ ಬದಲಿಸಿದ್ದಳು. ಮೂರು ಸಲವೂ ಕೀಲುನೋವಿನ ಮಾತ್ರೆ ತರಿಸಿಕೊಂಡ ವಾರದೊಳಗೆ ಗಂಡ ಬಾಗಿಲಿಗೆ ಬಂದಿದ್ದ. ಅವಳು ಠಾಣೆಗೂ ಹೋಗಿದ್ದಳು, ಅಲ್ಲಿನ ನನ್ನ ಹಳೇ ಗೆಳೆಯರೇ ಹೇಳಿದರು. ಅವನ ಕೈಲಿ ಒಂದು ಮುಚ್ಚಳಿಕೆ ಬರೆಸಿಕೊಂಡು, ಕಾಫಿ ಕೊಟ್ಟು ಕಳಿಸಿದ್ದರು. ಆ ಕಾಫಿ ಮೆಷಿನ್ ನನಗೆ ಗೊತ್ತು.

ಕೀ ಕತ್ತರಿಸುವ ಮೊದಲು ಎಚ್ಚರಿಕೆ ಕಳಿಸಬೇಕು, ಕೆಳಗೆ ಹೆಸರು, ನಂಬರ್ ಹಾಕಿ ಸಹಿ ಮಾಡಬೇಕು. ಕಂಪನಿಯ ಮರ್ಯಾದೆ! ನಿನ್ನೆ ಕಳಿಸಿದೆ. ಇವತ್ತು ಬೆಳಿಗ್ಗೆ ಕತ್ತರಿಸಿದೆ.

"ಹೇಗೆ ಹುಡುಕಿದೆ ಅಂತ ಕೇಳಲ್ವಾ?" ದೋಶಿಕ್ ನಕ್ಕ. "ನಿನ್ನೆ ಎಚ್ಚರಿಕೆ ಬಂದ ಕೂಡಲೇ, ಕೀ ಸಾಯೋ ಮೊದಲೇ, ನಿನ್ನ ನಂಬರನ್ನೇ ನಿನ್ನ ಸರ್ವೀಸಿಗೆ ಕೇಳಿದೆ. ಪಾರ್ಸೆಲ್ ಎಲ್ಲ ಈ ಸೂಪಿನಂಗಡಿಗೇ ಬರ್ತಾವಂತೆ. ಎಷ್ಟು ಒಳ್ಳೆ ಸರ್ವೀಸಪ್ಪಾ!"

ಅಂಗಡಿಯ ಚಿಕ್ಕಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಇಣುಕಿದಳು. ನಾನು ಬೇಡ ಅಂತ ತಲೆ ಆಡಿಸಿದೆ. ಒಳಗೆ ಹೋದಳು.

"ನಿನ್ನ ಮಗಳ ನಂಬರೂ ಕೇಳಿದೆ. ಮಾಂಗ್‌ವೊನ್ ಮಾರ್ಕೆಟ್ಟಿನ ಹಿಂದೆ, ಎರಡನೇ ಮಹಡಿ. ಬೆಕ್ಕಿಗೆ ಮರಳು ತರಿಸ್ತಾಳೆ. ಬೆಕ್ಕು ಅಂದ್ರೆ ನಂಗೂ ಪ್ರಾಣ."

ಆಗ ಹೆದರಿದೆ. ಸುಳ್ಳು ಯಾಕೆ ಹೇಳಲಿ?

"ಏನು ಬೇಕು?"

"ಕೀ. ಈಗಲೇ. ಅವಳ ಗಂಡ ಸಾಂಗ್‌ಚೊಲ್ ಹೊರಗೆ ಕಾರಲ್ಲಿದ್ದಾನೆ. ಹೆಂಡತಿಯನ್ನ ನೋಡಿ ಬಹಳ ದಿನ ಆಯ್ತು, ಪಾಪ."

ಗಾಜಿನಾಚೆ ನೋಡಿದೆ. ಬಿಳಿ ಕಾರು. ಒಳಗೆ ಅಗಲ ಭುಜದ ಒಬ್ಬ, ತೊಡೆಯ ಮೇಲೆ ಟವೆಲ್ ಸುತ್ತಿದ ಏನನ್ನೋ ಇಟ್ಟುಕೊಂಡಿದ್ದ. ಮಗುವನ್ನು ಇಟ್ಟುಕೊಂಡ ಹಾಗೆ.

ದೋಶಿಕ್ ಲ್ಯಾಪ್‌ಟಾಪ್ ತೆರೆದ. ನಡುಬೆರಳು ಹಿಂದಕ್ಕೆ ಬಾಗಿ ನಿಂತಿತ್ತು. ಎಡಗೈಯಲ್ಲೇ ಟೈಪ್ ಮಾಡಿದೆ. ಅರ್ಧ ಬರೆದ ಉತ್ತರವನ್ನು ಸರಿಸಿ, ಹೊಸ ಕೀ ಮಾಡಿದೆ. ಅವನು ಅದನ್ನು ತನಗೆ ಪ್ರೋಗ್ರಾಂ ಬರೆದುಕೊಡುವ ತಾಕ್ ಅನ್ನುವವನಿಗೆ ಕಳಿಸಿದ. ಮರುಕ್ಷಣ ಅವನ ಫೋನಿನಲ್ಲಿ ಉತ್ತರ ಬಂತು.

"ಇಂಚೊನ್... ಬಂದರಿನ ಹತ್ತಿರ... ನಾಲ್ಕನೇ ಮಹಡಿ, 402." ಸಿಳ್ಳೆ ಹಾಕಿದ. "ಅಲ್ಲಿವರೆಗೂ ಓಡಿದಳಾ ಕತ್ತೆ!"

ನಾನು ಕೊಟ್ಟದ್ದು ಅಭ್ಯಾಸದ ಕೀ. ಹೊಸಬರು ಪ್ರೋಗ್ರಾಂ ಪರೀಕ್ಷೆ ಮಾಡಲಿ ಅಂತ ಕೊಡುವ ಕೀ. ಯಾವ ನಂಬರ್ ಕೇಳಿದರೂ ಅದು ಒಂದೇ ಅಡ್ರೆಸ್ ಹೇಳುತ್ತದೆ. ಯಾವನೋ ಹಳೇ ಪ್ರೋಗ್ರಾಮರ್ ತಮಾಷೆಗೆ ಹಾಕಿಟ್ಟ ತನ್ನ ಅಜ್ಜಿಯ ಫ್ಲ್ಯಾಟು. ಈಗ ಅಜ್ಜಿಯೂ ಇಲ್ಲ, ಫ್ಲ್ಯಾಟುಗಳಲ್ಲಿ ಯಾರೂ ಇಲ್ಲ.

"ನಿಜ ತಾನೆ ಇದು?" ಅವನು ನನ್ನನ್ನೇ ನೋಡಿದ. "ತಡಿ. ನಿನ್ನ ಮಗಳ ನಂಬರ್ ಹಾಕಿ ನೋಡ್ತೀನಿ. ಮಾಂಗ್‌ವೊನ್ ಅಂತ ಬಂದ್ರೆ ಕೀ ಸರಿ. ಬರದಿದ್ರೆ..."

ಅವನ ಹೆಬ್ಬೆರಳು ಫೋನಿನ ಮೇಲೆ!

"ಹಾಕು," ಅಂದೆ. "ಹೊಸ ಕೀಗೆ ಮೊದಲ ಒಂದು ಗಂಟೆ ಒಂದೇ ಪ್ರಶ್ನೆ. ಎರಡನೇದು ಕೇಳಿದರೆ ತಾನೇ ಸಾಯುತ್ತೆ. ಹೋದ ವಾರ ಮಿತಿ ಮೀರಿ ಸಿಕ್ಕಿಬಿದ್ದದ್ದು ಯಾರು? ನಿನ್ನ ತಾಕ್‌ನ ಕೇಳು."

ಅವನು ನನ್ನ ಕಣ್ಣು ನೋಡಿದ. ನಾನು ಸೂಪು ಕುಡಿದೆ. ಚಮಚ ಹಲ್ಲಿಗೆ ಬಡಿಯದ ಹಾಗೆ ನೋಡಿಕೊಂಡೆ. ಎಷ್ಟು ಕಷ್ಟ ಗೊತ್ತಾ ಅದು?

"ಗಂಟೆ ಆದ ಮೇಲೆ ಅವನೇ ನೋಡ್ತಾನೆ," ಅಂತ ದೋಶಿಕ್ ಎದ್ದ. "ಸುಳ್ಳಾಗಿದ್ರೆ ಬೆಕ್ಕಿನ ಮನೆಗೆ ಹೋಗ್ತೀನಿ." ಹೋಗುತ್ತ ನನ್ನ ಫೋನನ್ನು ಸೂಪಿನೊಳಗೆ ಹಾಕಿದ.

ನಿಜ ಹೇಳುತ್ತೇನೆ. ಆಗ ನಾನು ಯೋಚಿಸಿದ್ದು ದೂರವನ್ನು ಮಾತ್ರ. ಇಂಚೊನ್ ಎಷ್ಟು ದೂರ, ಅಷ್ಟೇ.

ಚಿಕ್ಕಮ್ಮನ ಫೋನಿನಿಂದ ಮಗಳಿಗೆ ಕರೆ ಮಾಡಿದೆ.

"ಬೆಕ್ಕು ಎತ್ಕೊಂಡು ಆಚೆ ಬಾ. ದೆಜಾನ್‌ನ ಅತ್ತೆ ಮನೆಗೆ ಹೋಗು."

"ಅಮ್ಮಾ, ಏನಾಯ್ತು?"

"ಪ್ರಶ್ನೆ ಕೇಳಬೇಡ! ಬೆಳಗಿನಿಂದ ಸಾಕಾಗಿದೆ."

ಲ್ಯಾಪ್‌ಟಾಪ್ ಎತ್ತಿಕೊಂಡು ಟ್ಯಾಕ್ಸಿ ಹಿಡಿದೆ. ದೆರಿಮ್‌ನ ಸಂದಿ. ನಾನು ಕೀ ಕತ್ತರಿಸಿದ ಮೇಲೆ ಗ್ಯೋಂಗೊಕ್‌ಳ ಪಾರ್ಸೆಲ್ ಇಲ್ಲಿಗೆ ಬಂದಿತ್ತು. ಮಾಂಸದಂಗಡಿಯ ಮೇಲೆ ಬಾಡಿಗೆ ಕೋಣೆ. ಮೆಟ್ಟಿಲು ಎರಡೆರಡು ಹತ್ತಿದೆ. ಬಾಗಿಲು ತಟ್ಟಿದೆ. ಸದ್ದಿಲ್ಲ.

"ಚೇ ಗ್ಯೋಂಗೊಕ್! ಅವನಲ್ಲ, ನಾನು. ಹೆಂಗಸು."

"ಹೆಂಗಸರನ್ನೂ ಕಳಿಸ್ತಾನೆ." ಒಳಗಿನಿಂದ ಸಣ್ಣ ದನಿ.

ಬಾಗಿಲ ಕಿಂಡಿಗೆ ಮುರಿದ ಬೆರಳು ತೋರಿಸಿದೆ. ಕೆಲವು ಗುರುತಿನ ಚೀಟಿಗಳನ್ನು ಹೆಂಗಸರು ಬೇಗ ಓದುತ್ತಾರೆ. ಚಿಲಕ ತೆಗೆದಳು.

ಬಾಗಿಲ ಪಕ್ಕದಲ್ಲೇ ಕಟ್ಟಿಟ್ಟ ಚೀಲ. ಗಂಡಸಿನ ಹಳೇ ಶೂ ಒಂದು ಜೊತೆ, ಒಳಗೆ ಗಂಡಸಿದ್ದಾನೆ ಅಂತ ನೋಡಿದವರು ಅಂದುಕೊಳ್ಳಲಿ ಅಂತ. ಅವಳ ಹರಿದ ತುಟಿಯ ಗಾಯ ಒಣಗಿತ್ತು. ವಯಸ್ಸು ನನಗಿಂತ ಎಷ್ಟೋ ಕಡಿಮೆ. ನಡಿಗೆ ಮುದುಕಿಯದು.

ಟ್ಯಾಕ್ಸಿಯಲ್ಲಿ ನನ್ನ ಬೆರಳಿಗೆ ತನ್ನ ಕರ್ಚೀಫು ಸುತ್ತಿದಳು. ಬಿಗಿಯಾಗಿ, ಅಭ್ಯಾಸವಿದ್ದವಳ ಹಾಗೆ.

"ಎಲ್ಲಿಗೆ ಕಳಿಸಿದ್ರಿ ಅಕ್ಕಾ ಅವನನ್ನ?"

"ಇಂಚೊನ್. ಖಾಲಿ ಫ್ಲ್ಯಾಟಿಗೆ."

"ವಾಪಸ್ ಬರ್ತಾನೆ."

"ಬಂದಾಗ ನೀನಿರಲ್ಲ."

"ಹೀಗೇ ಅಂತಾರೆ ಎಲ್ರೂ." ಕಿಟಕಿಯಾಚೆ ನೋಡಿದಳು. "ಮತ್ತೆ ಬರ್ತಾನೆ. ಬೆಲ್ ಮಾಡಲ್ಲ ಅಕ್ಕಾ ಅವನು. ಜೊತೆಯವರನ್ನ ಕೆಳಗೇ ನಿಲ್ಲಿಸಿ ಒಬ್ಬನೇ ಮೇಲೆ ಬರ್ತಾನೆ. ಬಾಗಿಲು ಒದ್ದು, ಓಡ್ಕೊಂಡೇ ಒಳಗೆ ನುಗ್ತಾನೆ. ನಾನು ಕಿಟಕಿ ಹತ್ರ ಹೋಗೋ ಮೊದಲು ಹಿಡೀಬೇಕು ಅಂತ."

ನಾನು ಲ್ಯಾಪ್‌ಟಾಪ್ ತೆರೆದೆ.

ಬೆಳಗಿನ ಅರ್ಧ ಉತ್ತರ ಹಾಗೇ ನಿಂತಿತ್ತು. ಅದರ ಮೇಲೆ ಇಂಚೊನ್‌ನ ಪಾರ್ಸೆಲ್ ಕಂಪನಿಯವರ ದೂರು: "ನಿಮ್ಮ ಅಭ್ಯಾಸದ ಅಡ್ರೆಸ್ ನಂಬಿ ನಮ್ಮವನೊಬ್ಬ 402ಕ್ಕೆ ಹೋದ. ಬಾಗಿಲು ತೆಗೆದರೆ ಒಳಗೆ ನೆಲವೇ ಇಲ್ಲ. ಹಿಂದಿನ ಅರ್ಧ ಕಟ್ಟಡ ಕೆಡವಿದ್ದಾರೆ. ನಿಧಾನಕ್ಕೆ ಕಾಲಿಟ್ಟದ್ದರಿಂದ ಚೌಕಟ್ಟು ಹಿಡಿದು ಬದುಕಿಕೊಂಡ. ದಯವಿಟ್ಟು ತೆಗೆಯಿರಿ."

ಇವತ್ತು ಮೇ ಒಂದು. ಕೆಡವುವ ಕೆಲಸದವರಿಗೆ ರಜೆ. ತಡೆಯಲು ಅಲ್ಲಿ ಯಾರೂ ಇರುವುದಿಲ್ಲ.

ಠಣ್!

ಹೊಸ ಪ್ರಶ್ನೆ ಬಂತು. ತಾಕ್! ಗಂಟೆ ಆಗುತ್ತಲೇ ಇನ್ನೊಂದು ನಂಬರ್ ಹಾಕಿ ನೋಡಿದ್ದಾನೆ. ಈ ಸಲವೂ ಕೀ ಸಮೇತ ಅಂಟಿಸಿದ್ದಾನೆ, ಮೂರ್ಖ.

"ಅರ್ಜೆಂಟ್. ಯಾವ ನಂಬರ್ ಕೇಳಿದರೂ ಒಂದೇ ಅಡ್ರೆಸ್ ಬರ್ತಿದೆ. ಯಾಕೆ? ನಮ್ಮವರು ಈಗ ಅಲ್ಲಿಗೆ ತಲುಪ್ತಿದ್ದಾರೆ. ದಯವಿಟ್ಟು ಬೇಗ ಹೇಳಿ."

ನಮ್ಮ ಪುಟದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು. ಉತ್ತರ ನನಗೆ ಬಾಯಿಪಾಠ. ನಿಮ್ಮದು ಅಭ್ಯಾಸದ ಕೀ, ಆ ಅಡ್ರೆಸ್ ನಂಬಬೇಡಿ. ಒಂದೇ ಸಾಲು. ತಾಕ್ ಓದುತ್ತಾನೆ, ಫೋನ್ ಮಾಡುತ್ತಾನೆ, ಮೆಟ್ಟಿಲ ಮೇಲಿರುವ ಆ ಅಗಲ ಭುಜದವನು ನಿಂತುಬಿಡುತ್ತಾನೆ. ಆಮೇಲೆ ಕಾರು ತಿರುಗುತ್ತದೆ.

ಎಡಗೈ ಕೀಬೋರ್ಡಿನ ಮೇಲೇ ಇತ್ತು.

"ಯಾರು ಅಕ್ಕಾ?" ಗ್ಯೋಂಗೊಕ್ ಕೇಳಿದಳು. ಅವಳ ಮಡಿಲಲ್ಲಿ ಚೀಲ. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಯಾರೂ ಇಲ್ಲ. ಆಫೀಸಿನ ಕೆಲಸ."

ಲ್ಯಾಪ್‌ಟಾಪ್ ಮುಚ್ಚಿದೆ. ಮೆಲ್ಲಗೆ.

ಯಾಕೆ ಉತ್ತರ ಬರೆಯಲಿಲ್ಲ ಅಂತ ನಾಳೆ ಮ್ಯಾನೇಜರ್ ಕೇಳುತ್ತಾರೆ. ಬೆರಳು ತೋರಿಸುತ್ತೇನೆ. ಮುರಿದದ್ದು ದೋಶಿಕ್ ತಾನೆ... ಬೆರಳು ಮುರಿದವಳು ಟೈಪ್ ಮಾಡುವುದು ಹೇಗೆ, ನೀವೇ ಹೇಳಿ!