ನಾಲ್ಕನೆಯ ಸೀಟಿಗೆ ಹೆಸರಿಲ್ಲ

"ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಹತ್ತು ದಿನ. ಬೆಚ್ಚಗಿರೋ ದೇಶ ಆಗಬೇಕು, ಸಮುದ್ರ ಇರಬೇಕು."

ಕೀಲಿಮಣೆಯ ಮೇಲೆ ಓಡುತ್ತಿದ್ದ ಅವಳ ಬೆರಳುಗಳು ಅಲ್ಲೇ ನಿಂತವು.

ಆ ದನಿ... ತಲೆ ಎತ್ತದೆಯೇ ಗೊತ್ತಾಯಿತು. ಹನ್ನೊಂದು ವರ್ಷ ಒಂದೇ ಸೂರಿನಡಿ ಕೇಳಿದ ದನಿ, ಒಂದು ವರ್ಷದಿಂದ ಭಾನುವಾರಗಳಂದು ಗೇಟಿನ ಹೊರಗಷ್ಟೇ ಕೇಳಿಸುತ್ತಿದ್ದ ದನಿ. ಪ್ರವಾಸದ ಕಚೇರಿಯಲ್ಲಿ, ಅವಳ ಮೇಜಿನೆದುರಿನ ಗಿರಾಕಿಯ ಕುರ್ಚಿಯಲ್ಲಿ, ಅವಳ ಗಂಡ ಕುಳಿತಿದ್ದ.

"ನಮ್ಮ ಮಕ್ಕಳಾ?" ಅಂತ ಕೇಳಿದಳು. ಎಂಥ ಪ್ರಶ್ನೆ ಕೇಳಿದೆ ಅಂತ ತನಗೇ ನಾಚಿಕೆಯಾಯಿತು.

"ಮತ್ತಿನ್ಯಾರ ಮಕ್ಕಳು? ಈ ರಜೆಗೆ ಅವರು ನನ್ನ ಜೊತೆ ಅಂತ ಕೋರ್ಟಲ್ಲೇ ಆಗಿದ್ಯಲ್ಲ. ಬೇರೆ ಕಡೆ ಬುಕ್ ಮಾಡ್ತೀನಿ ಅಂದೆ. ಪುಟ್ಟಿ ಬಿಡಲಿಲ್ಲ. ಊರಿಗೆಲ್ಲ ಅಮ್ಮ ಮಾಡಿಕೊಡ್ತಾಳೆ, ನಮಗ್ಯಾಕಿಲ್ಲ ಅಂದಳು." ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ನಿಮಗೆ ತೊಂದರೆ ಆಗೋದಾದ್ರೆ ಬೇಡ."

ನಿಮಗೆ! ಹಾಸಿಗೆ ಹಂಚಿಕೊಂಡವನ ಬಾಯಲ್ಲಿ ಬಹುವಚನ.

"ತೊಂದರೆ ಏನಿಲ್ಲ. ನಮ್ಮ ಕೆಲಸವೇ ಇದು," ಎಂದಳು. "ಇನ್ನೊಬ್ಬ ದೊಡ್ಡವರ ಹೆಸರು, ವಯಸ್ಸು?"

ಅವನು ಕಣ್ಣು ತಪ್ಪಿಸಿದ.

"ಅದು... ಆಮೇಲೆ ಕೊಡ್ತೀನಿ. ಇನ್ನೂ ಖಚಿತ ಆಗಿಲ್ಲ."

ಅಷ್ಟು ಸಾಕಾಯಿತು ಅವಳಿಗೆ. ಖಚಿತವಾಗದ ಹೆಂಗಸು. ಒಪ್ಪಿಗೆಗೆ ಕಾಯುತ್ತಿರುವ ಹೆಂಗಸು. ತನ್ನ ಮಕ್ಕಳ ಕೈ ಹಿಡಿದು ಮರಳಿನ ಮೇಲೆ ನಡೆಯಲಿರುವ ಯಾರೋ ಒಬ್ಬಳು.

ಪರದೆಯ ಮೇಲೆ ನಾಲ್ಕು ಸೀಟು ಹಿಡಿದಳು. ಮೂರಕ್ಕೆ ಹೆಸರು ತುಂಬಿದಳು, ನಾಲ್ಕನೆಯದನ್ನು ಖಾಲಿ ಬಿಟ್ಟಳು. "ಗುರುವಾರ ಮೂರು ಗಂಟೆವರೆಗೆ ಸೀಟು ಹಿಡಿದಿಟ್ಟಿರ್ತಾರೆ. ಅಷ್ಟರಲ್ಲಿ ನಾಲ್ಕೂ ಹೆಸರು ಬರದಿದ್ರೆ ನಾಲ್ಕೂ ಹೋಗುತ್ತೆ. ಮತ್ತೆ, ಮಕ್ಕಳು ಒಬ್ಬರ ಜೊತೆಗೇ ದೇಶ ಬಿಡೋದಾದ್ರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು."

"ಇನ್ನೊಬ್ಬರು ಅಂದ್ರೆ..."

"ನಾನು."

ಪಕ್ಕದ ಮೇಜಿನಲ್ಲಿ ವೀಸಾ ಕೆಲಸ ನೋಡಿಕೊಳ್ಳುವವನು, ಎಲ್ಲರೂ ವೀಸಾ ಅಣ್ಣ ಎನ್ನುವವನು, ಕೆಮ್ಮಿದ.

*

ಅವನು ಲಿಫ್ಟ್ ಮೆಕ್ಯಾನಿಕ್. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಿಡುವುದು ಎಷ್ಟು ಸುಲಭವಾಗಿರುತ್ತಿತ್ತು!

ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡರು ಅಂತ ಫೋನ್ ಬಂದರೆ ಕೈಯಲ್ಲಿದ್ದ ತುತ್ತನ್ನೂ ಬಿಟ್ಟು ಓಡುವವನು. ಮೂರು ಸಲ ಸಂಸಾರದ ಪ್ರವಾಸ ರದ್ದಾಯಿತು. ಮೂರನೆಯ ಸಲ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಾಗಲೇ ಫೋನ್ ಬಂತು. ಒಂದು ಆಸ್ಪತ್ರೆಯ ಲಿಫ್ಟು, ಒಳಗೆ ಇಬ್ಬರು. "ನೀವು ಹೋಗ್ತಾ ಇರಿ, ನಾಳೆಯ ವಿಮಾನಕ್ಕೆ ಬಂದ್ಬಿಡ್ತೀನಿ," ಎಂದವನು ಚೀಲ ಅವಳ ಕೈಗೆ ಕೊಟ್ಟು ಹೊರಟೇಬಿಟ್ಟ. ಅವಳು ಹೋಗಲಿಲ್ಲ. ಅಳುವ ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದಳು. ತಿಂಗಳೊಪ್ಪತ್ತಿನಲ್ಲಿ ವಕೀಲರ ಮನೆಯ ಮೆಟ್ಟಿಲು ಹತ್ತಿದಳು.

ಮುಂದಿನ ತಿಂಗಳು ವಿಚ್ಛೇದನದ ಕೊನೆಯ ವಿಚಾರಣೆ.

ಮಂಗಳವಾರ ಅವನು ಮಕ್ಕಳನ್ನು ಶಾಲೆಯಿಂದಲೇ ವೀಸಾ ಫೋಟೋಗೆ ಕರೆದೊಯ್ದಿದ್ದ. ಸಂಜೆ ಒಂಬತ್ತು ವರ್ಷದ ಪುಟ್ಟಿ ಮನೆಯೊಳಗೆ ಬಂದಾಗ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

ಪುಟ್ಟಿಯ ತಲೆಯಲ್ಲಿ ಒಂದು ಜಡೆ. ನಾಲ್ಕೆಳೆಯ ಜಡೆ, ಒಂದು ಕೂದಲೂ ಆಚೆ ಬಂದಿಲ್ಲ. ತನಗೇ ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

"ಯಾರು ಹಾಕಿದ್ದು?"

"ಹೇಳಲ್ಲ."

"ಯಾಕೆ?"

"ಅಪ್ಪ ಗುಟ್ಟು ಅಂದಿದಾರೆ. ಕಿವಿ ಕಾಣಬೇಕಿತ್ತಲ್ಲ ಫೋಟೋಲಿ, ಅದಕ್ಕೆ ಹಾಕಿದ್ದು."

"ನೋವಾಗಲಿಲ್ವಾ?"

"ಇಲ್ಲ. ನೀನು ಎಳೀತೀಯ. ಅಲ್ಲಿ ಎಳೆಯಲ್ಲ."

ಐದು ವರ್ಷದ ಗುಂಡ ಮಧ್ಯೆ ಬಾಯಿ ಹಾಕಿದ. "ನಂಗೂ ಜಡೆ ಹಾಕಿ ಅಂದೆ. ನಿನ್ನ ಕೂದಲು ಹಿಡಿಯೋಕೆ ಇಕ್ಕಳ ಬೇಕು ಅಂದ್ರು."

ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ಅವಳು ಬಚ್ಚಲಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅತ್ತಳು. ಎಳೆಯದ ಕೈಗಳು... ನಗಿಸುವ ಬಾಯಿ... ಇನ್ನು ಹತ್ತು ದಿನ ಒಟ್ಟಿಗಿದ್ದು ಬಂದರೆ ಮಕ್ಕಳು ತನ್ನನ್ನು ನೆನೆಯುತ್ತಾರೆಯೇ?

ಅವಳ ತಾಯಿ ಬಾಗಿಲ ಹೊರಗೆ ನಿಂತಿದ್ದರು. "ನೀರೆಲ್ಲ ಖಾಲಿಯಾಗ್ತಿದೆ. ಅಳೋದಾದ್ರೆ ಈಚೆ ಬಂದು ಅಳು."

"ಅಮ್ಮಾ, ಅವರ ಜೀವನದಲ್ಲಿ ಯಾರೋ ಬಂದಿದಾರೆ."

ತಾಯಿ ಮಗಳ ಮುಖವನ್ನೇ ನೋಡಿದರು. ಏನೋ ಹೇಳಲು ಹೊರಟವರು ನುಂಗಿಕೊಂಡರು. "ಕೇಳಿದ್ಯಾ ಅವನನ್ನ?"

"ಏನಂತ ಕೇಳಲಿ? ನಾನೇ ಬಿಟ್ಟವಳು."

"ಬಿಟ್ಟವಳು ಹೀಗೆ ಅಳಲ್ಲ ಕಣೆ," ಎಂದು ತಾಯಿ ಮಂಡಿ ನೀವಿಕೊಳ್ಳುತ್ತಾ ಹೊರಟುಹೋದರು.

*

ಬುಧವಾರವಿಡೀ ಅವಳು ಹುಚ್ಚು ಹಿಡಿದವಳ ಹಾಗೆ ಆ ಪ್ರವಾಸದ ಯೋಜನೆ ಮಾಡಿದಳು.

ಆ ದೇಶದಲ್ಲಿ ಈಗ ಮಧ್ಯಾಹ್ನ ಎರಡರ ನಂತರ ಮಳೆ, ಹಾಗಾಗಿ ಸಮುದ್ರ ಬೆಳಿಗ್ಗೆಯೇ. ನೆಲಮಹಡಿಯ ಕೋಣೆ ಬೇಕು, ಆದರೆ ಬಾಗಿಲು ಈಜುಕೊಳದ ಕಡೆಗೆ ತೆರೆಯಬಾರದು, ಗುಂಡ ಹೇಳದೆ ಓಡುತ್ತಾನೆ. ಕಿಟಕಿಗೆ ಸೊಳ್ಳೆಪರದೆ ಇದೆಯೇ ಅಂತ ಮೂರು ಹೋಟೆಲಿಗೆ ಫೋನ್ ಮಾಡಿದಳು. ಮಕ್ಕಳ ವೈದ್ಯರಿರುವ ಆಸ್ಪತ್ರೆ ಎಷ್ಟು ದೂರ ಅಂತ ನಕ್ಷೆಯಲ್ಲಿ ಅಳೆದಳು.

"ಮೇಡಂ, ಯಾವುದೋ ರಾಜಮನೆತನದವರು ಹೊರಟಿದಾರೋ ಹೇಗೆ?" ವೀಸಾ ಅಣ್ಣ ಇಣುಕಿದ. "ಕಳೆದ ವಾರ ಹನ್ನೆರಡು ಜನದ ಗುಂಪಿಗೆ ನೀವು ಒಂದು ಪುಟ ಬರೆದ್ರಿ. ಇದಕ್ಕೆ ಹತ್ತು ಪುಟ."

"ಹನ್ನೊಂದು," ಎಂದಳು.

ಹನ್ನೊಂದನೆಯ ಪುಟವನ್ನು ಅವಳು ಕೈಯಲ್ಲೇ ಬರೆದಳು. ಮೂರು ಸಲ ಹರಿದು, ನಾಲ್ಕನೆಯ ಸಲ ಬರೆದಳು. ಆಮೇಲೆ ಒಪ್ಪಿಗೆ ಪತ್ರ ಎದುರಿಗಿಟ್ಟುಕೊಂಡು ಕುಳಿತಳು. ಸಹಿ ಹಾಕದಿದ್ದರೆ? ಒಂದು ಗೆರೆ ಎಳೆಯದಿದ್ದರೆ ಸಾಕು, ಯಾರೂ ಎಲ್ಲೂ ಹೋಗುವುದಿಲ್ಲ. ಆ ಹೆಂಗಸಿಗೆ ಮರಳೂ ಇಲ್ಲ, ಮಕ್ಕಳೂ ಇಲ್ಲ.

ಆದರೆ ಗುಂಡ ಶಾಲೆಯ ಚೀಲದಲ್ಲಿ ಆಗಲೇ ಈಜುವ ಚಡ್ಡಿ ತುಂಬಿಟ್ಟುಕೊಂಡಿದ್ದ...

ಸಹಿ ಹಾಕಿದಳು. ಕೊನೆಯ ಅಕ್ಷರ ಸೊಟ್ಟಗಾಯಿತು.

*

ಗುರುವಾರ ಎರಡೂಕಾಲಿಗೆ ಅವನು ಬಂದ. ಕೆಲಸದ ಅಂಗಿಯಲ್ಲೇ ಬಂದಿದ್ದ, ಮೊಣಕೈಗೆ ಗ್ರೀಸ್ ಮೆತ್ತಿತ್ತು.

ಅವಳು ಕಡತವನ್ನು ಮುಂದೆ ತಳ್ಳಿದಳು. "ಎಲ್ಲ ಇದರಲ್ಲಿದೆ. ಒಪ್ಪಿಗೆ ಪತ್ರವೂ ಇದೆ. ನಾಲ್ಕನೆಯವರ ಹೆಸರು ಕೊಡಿ, ಮುಗಿಸ್ತೀನಿ."

ಅವನು ಪುಟ ತಿರುವುತ್ತಾ ಹೋದ. ಕೊನೆಯ ಪುಟದಲ್ಲಿ ನಿಂತ. ತುಟಿ ಅಲುಗಿಸುತ್ತಾ ಓದತೊಡಗಿದ.

"ಜೊತೆಗೆ ಬರುವವರಿಗೆ. ಗುಂಡ ಓಡಿದ ಮೇಲೆ ಕೆಮ್ಮಿದರೆ ಮೊದಲು ಕೂರಿಸಿ, ಗಾಬರಿಯಾದಂತೆ ತೋರಿಸಬೇಡಿ, ಆಮೇಲೆ ಉಸಿರಿನ ಪಂಪು. ಪುಟ್ಟಿ ಏನೂ ಬೇಡ ಅಂದರೆ ಬೇಕು ಅಂತ ಅರ್ಥ. ನಿದ್ದೆಯಲ್ಲಿ ಅಮ್ಮ ಅಂದರೆ ಎಬ್ಬಿಸಬೇಡಿ, ಬೆನ್ನು ತಟ್ಟಿ, ಯಾರ ಕೈ ಅಂತ ಅವಳಿಗೆ ಗೊತ್ತಾಗುವುದಿಲ್ಲ..."

ಅವನು ಪುಟದಿಂದ ತಲೆ ಎತ್ತಿದ. "ಇದನ್ನ ಯಾರಿಗೆ ಬರೆದೆ?"

"ಪುಟ್ಟಿಗೆ ಜಡೆ ಹಾಕಿದವರಿಗೆ."

"ಯಾರಿಗೆ?"

"ನಾಟಕ ಬೇಡ. ನಾಲ್ಕೆಳೆ ಜಡೆ. ಚೆನ್ನಾಗಿ ಹಾಕ್ತಾರೆ, ಎಳೆಯಲ್ವಂತೆ. ನಂಗೆ ಬೇಜಾರಿಲ್ಲ. ಹೆಸರು ಕೊಡಿ, ಬರಕೊಳ್ತೀನಿ." ಬೇಜಾರಿಲ್ಲ ಎನ್ನುವಾಗಲೇ ಕೆನ್ನೆಯ ಮೇಲೆ ನೀರು ಇಳಿದಿತ್ತು.

ಅವನು ಗ್ರೀಸ್ ಅಂಟಿದ ಎರಡೂ ಕೈ ಮೇಜಿನ ಮೇಲಿಟ್ಟ.

"ಇವರೇ ಹಾಕಿದ್ದು."

"ಏನು?"

"ನಾನೇ ಕಣೆ. ಇಪ್ಪತ್ತು ವರ್ಷ ಉಕ್ಕಿನ ಹಗ್ಗ ಹೆಣೆದವನು, ಜಡೆ ಬರಲ್ವಾ? ಆರು ಭಾನುವಾರ ಅಭ್ಯಾಸ ಮಾಡಿದೀನಿ. ಹತ್ತು ದಿನ ಅವಳ ತಲೆ ಯಾರು ಬಾಚ್ತಾರೆ? ಪೂರ್ತಿ ಬರೋವರೆಗೂ ಅಮ್ಮನ ಹತ್ತಿರ ಹೇಳಬೇಡ ಅಂದಿದ್ದೆ. ನೀನು ನಗ್ತೀಯ ಅಂತ."

ಅವಳಿಗೆ ನಗು ಬರಲಿಲ್ಲ.

"ಮತ್ತೆ... ನಾಲ್ಕನೆಯವರು?"

"ನಿಮ್ಮಮ್ಮ."

"ನಮ್ಮಮ್ಮನಾ?"

"ಗುಂಡನಿಗೆ ಉಸಿರು ಹಿಡಿದುಕೊಂಡರೆ ನನ್ನ ಕೈಕಾಲು ಆಡಲ್ಲ, ನಿಂಗೆ ಗೊತ್ತು. ಬನ್ನಿ ಅತ್ತೆ ಅಂತ ಒಂದು ವಾರದಿಂದ ಕಾಲು ಹಿಡೀತಿದೀನಿ. ನಿಂಗೆ ಹೇಳಿದ್ರೆ, ಮಕ್ಕಳನ್ನ ಒಬ್ಬನೇ ನೋಡಿಕೊಳ್ಳೋಕೂ ಬರಲ್ಲ ಅಂತ ಕೋರ್ಟಲ್ಲಿ ಎತ್ತಿಬಿಡ್ತೀಯೇನೋ ಅಂತ ಹೆದರಿದೆ." ಅವನು ತಲೆ ತಗ್ಗಿಸಿದ. "ಇವತ್ತು ಬೆಳಿಗ್ಗೆ ಅತ್ತೆ ಫೋನ್ ಮಾಡಿ ಬೈದ್ರು. ಆ ಸೀಟು ಯಾರದು ಅಂತ ನಿಂಗೂ ಗೊತ್ತು, ನಂಗೂ ಗೊತ್ತು, ಕೇಳೋಕೆ ಬಾಯಿಲ್ವಾ ಅಂದ್ರು. ಕೇಳೋಕೆ ಬಂದೆ. ಬಂದು ಇದನ್ನ ಓದಿದೆ."

ಗಡಿಯಾರದಲ್ಲಿ ಎರಡೂವರೆ.

"ಕೇಳಿ ಮತ್ತೆ," ಎಂದಳು ಮೆಲ್ಲಗೆ.

"ಬರ್ತೀಯಾ? ಕರೆಯೋ ಹಕ್ಕು ನನಗಿಲ್ಲ. ಆವತ್ತು ಸಾಲಲ್ಲಿ ನಿಮ್ಮನ್ನ ಬಿಟ್ಟು ಹೋದೆ. ಆ ಲಿಫ್ಟಿನ ಹತ್ತಿರ ಹೋಗೋಷ್ಟರಲ್ಲಿ ನನ್ನ ಕೈಕೆಳಗಿನವನು ಇಬ್ಬರನ್ನೂ ಇಳಿಸಿಯಾಗಿತ್ತು. ನಾನು ಬೇಕಾಗೇ ಇರಲಿಲ್ಲ. ಅದನ್ನ ನಿಂಗೆ ಹೇಳೋಕೆ ನಾಚಿಕೆಯಾಗಿ ಒಂದು ವರ್ಷ ಹೇಳಲಿಲ್ಲ."

ಅವಳು ಕಣ್ಣು ಮುಚ್ಚಿದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಅನ್ನಿಸಿತು.

"ನಂದೂ ಒಂದಿದೆ. ಆವತ್ತು ನಾನು ಮಕ್ಕಳನ್ನ ಕರ್ಕೊಂಡು ಹೋಗಬಹುದಿತ್ತು. ಟಿಕೆಟ್ಟು ಕೈಯಲ್ಲೇ ಇತ್ತು. ನೀವು ಮರುದಿನ ಬಂದೇ ಬರ್ತಿದ್ರಿ, ನಂಗೆ ಗೊತ್ತಿತ್ತು. ಆದ್ರೂ ವಾಪಸ್ ಬಂದೆ. ನೀವೇ ಕೆಟ್ಟವರಾಗಬೇಕಿತ್ತು ನಂಗೆ... ಮಕ್ಕಳನ್ನ ಅಳಿಸಿದ್ದು ನೀವೊಬ್ಬರೇ ಅಲ್ಲ."

ಅವನು ಅವಳ ಬೆರಳ ತುದಿಯನ್ನು ತನ್ನ ಬೆರಳ ತುದಿಯಿಂದ ಮುಟ್ಟಿದ. ಅವಳು ಕೈ ಎಳೆದುಕೊಳ್ಳಲಿಲ್ಲ.

ಮರುಕ್ಷಣ ಎದ್ದು ಕೈಚೀಲಕ್ಕೆ ಕೈ ಹಾಕಿದಳು. ಎಲ್ಲ ಗುರುತಿನ ಕಾಗದಗಳ ಜೊತೆ ಅದರಲ್ಲೇ ಇದ್ದ ತನ್ನ ಪಾಸ್‌ಪೋರ್ಟ್ ತೆಗೆದಳು, ನಾಲ್ಕನೆಯ ಸಾಲಿನಲ್ಲಿ ತನ್ನ ಹೆಸರು ಬಡಿದಳು, ಸಂಖ್ಯೆ ಬಡಿದಳು, ಮುಗಿಯುವ ದಿನಾಂಕ ಬಡಿದಳು.

ಪರದೆ ಕೆಂಪಾಯಿತು.

ಅವಳು ಪುಸ್ತಕವನ್ನು ಕಣ್ಣ ಹತ್ತಿರ ತಂದು ನೋಡಿದಳು. ಅವಧಿ ಮುಗಿದು ಎರಡು ತಿಂಗಳಾಗಿತ್ತು.

"ವೀಸಾ ಅಣ್ಣಾ... ತುರ್ತಾಗಿ ಹೊಸ ಪಾಸ್‌ಪೋರ್ಟ್ ಎಷ್ಟು ದಿನ?"

"ರಜೆಯ ನೂಕುನುಗ್ಗಲಲ್ಲಿ ತತ್ಕಾಲ್‌ಗೂ ದಿನಾಂಕ ಸಿಗ್ತಿಲ್ಲ, ಏನೇ ಕುಣಿದ್ರೂ ಮೂರು ವಾರ ಮೇಡಂ. ಯಾರದ್ದು? ಅವಧಿ ನೋಡಿಕೊಳ್ಳದ ಪುಣ್ಯಾತ್ಮರು ಯಾರು?"

ಪ್ರಯಾಣಕ್ಕೆ ಒಂಬತ್ತೇ ದಿನವಿತ್ತು. ಬಂದವರಿಗೆಲ್ಲ ಆರು ತಿಂಗಳ ಅವಧಿ ಬಾಕಿ ಇರಬೇಕು ಅಂತ ಪಾಠ ಹೇಳುತ್ತಿದ್ದವಳು ಕುರ್ಚಿಯಲ್ಲಿ ಕುಸಿದಳು. ಕೈಗೆ ಬಂದ ತುತ್ತು...

"ನೀವು ಹೋಗಿ," ಎಂದಳು. "ಅಮ್ಮನನ್ನ ನಾನು ಒಪ್ಪಿಸ್ತೀನಿ. ಮಕ್ಕಳಿಗೆ ಮತ್ತೆ ರದ್ದು ಅಂತ ಹೇಳಬೇಡಿ, ನಿಮ್ಮ ದಮ್ಮಯ್ಯ."

ಅವನು ಕಡತವನ್ನು ಮುಚ್ಚಿ ಎದೆಗೊತ್ತಿಕೊಂಡ.

"ಇಲ್ಲ. ಮುಂದಿನ ರಜೆಗೆ ಹೋಗೋಣ, ನಾಲ್ಕೂ ಜನ. ಅಷ್ಟರಲ್ಲಿ ನೀನು ಹೊಸದು ಮಾಡಿಸ್ಕೋ."

"ಮತ್ತೆ ಮುಂದಿನ ತಿಂಗಳ ಕೋರ್ಟು?"

"ಅದನ್ನೂ ರದ್ದು ಮಾಡೋಣ. ರದ್ದು ಮಾಡೋದ್ರಲ್ಲಿ ನಾನು ಪಳಗಿದವನು."

ಅವಳು ಅಳುತ್ತಲೇ ನಕ್ಕಳು. ಒಂದು ವರ್ಷದಲ್ಲಿ ಮೊದಲ ಸಲ ಆ ನಗು ಹೊಟ್ಟೆಯಿಂದ ಬಂದಿತ್ತು.

ಮೂರು ಗಂಟೆಗೆ ಪರದೆಯ ಮೇಲಿನ ನಾಲ್ಕೂ ಸೀಟುಗಳು ಮಾಯವಾದವು. ಇಬ್ಬರೂ ನೋಡುತ್ತಾ ಕುಳಿತಿದ್ದರು. ವೀಸಾ ಅಣ್ಣ ಎಂದೂ ಇಲ್ಲದ ಹಾಗೆ ತಾನೇ ಎರಡು ಲೋಟ ನೀರು ತಂದಿಟ್ಟು, ಏನೂ ಕೇಳದೆ ಹೋದ.

ಮೂರೂವರೆಗೆ ಶಾಲೆಯ ಗೇಟಿನ ಎದುರಿನ ಕಾಲುದಾರಿಯಲ್ಲಿ ಅವರು ಪಕ್ಕಪಕ್ಕ ನಿಂತಿದ್ದರು. ಒಳಗೆ ಗಂಟೆ ಹೊಡೆಯಿತು.

"ಮಕ್ಕಳಿಗೆ ಯಾರು ಹೇಳೋದು?"

"ನಾನೇ ಹೇಳ್ತೀನಿ."

"ಪುಟ್ಟಿ ಮುಖ ತಿರುಗಿಸ್ತಾಳೆ. ಗುಂಡ ಬೀದಿಯಲ್ಲೇ ಉರುಳಾಡ್ತಾನೆ."

"ಉರುಳಾಡಲಿ."

"ಎಲ್ಲರೂ ನೋಡ್ತಾರೆ."

"ನೋಡಲಿ. ಅವನ ಪಕ್ಕ ಕೂತಿರ್ತೀನಿ."

ಮೊದಲ ಮಕ್ಕಳು ಗೇಟಿನಿಂದ ಹೊರಬರತೊಡಗಿದರು. ಅವಳು ಅವನ ಅಂಗಿಯ ತೋಳನ್ನು, ಗ್ರೀಸ್ ಮೆತ್ತಿದ ಜಾಗದಲ್ಲೇ, ಹಿಡಿದುಕೊಂಡಳು.

"ಅವರು ಅತ್ತು ಮುಗಿಸೋವರೆಗೂ ಇರ್ತೀರಾ?"

"ಇರ್ತೀನಿ."

"ಆಮೇಲೆ?"

"ಆಮೇಲೂ ಇರ್ತೀನಿ."